ನೌಕರಿ ಬಿಟ್ಟು ಗಾಡಿ ಹತ್ತುವ ಮುನ್ನ



ಕಳೆದ ದೀಪಾವಳಿಯ ಮರುದಿನ ಎಲ್ಲರೂ ಊಟಕ್ಕೆ ಕೂತಾಗ ನನ್ನ ಮಗ ಮೆಲ್ಲಗೆ ಒಂದು ಮಾತು ತೆಗೆದ. "ಅಪ್ಪಾ, ನಾ ನೌಕರಿ ಬಿಡಬೇಕಂತ ಮಾಡೀನಿ. ಒಂದು ಹಳೇ ಟ್ರಾವೆಲರ್ ಗಾಡಿ ತಗೊಂಡು ದೇಶ ತಿರುಗ್ತೀನಿ. ಮನಿ, ಮಠ ಎಲ್ಲಾ ಅದರಾಗೇ." ಅವನಿಗೆ 31 ವರ್ಷ. ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಏಳು ವರ್ಷದಿಂದ ದುಡಿಯುತ್ತಿದ್ದಾನೆ. ನಾನಾದರೋ ಬೀದರ ಜಿಲ್ಲೆಯಿಂದ ಹೈದರಾಬಾದಿಗೆ ಬಂದು, ಒಂದೇ ಬ್ಯಾಂಕಿನಲ್ಲಿ 34 ವರ್ಷ ಕಳೆದು, ಹಾರ ಹಾಕಿಸಿಕೊಂಡು ಹೊರಬಂದವನು. ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗಲಿಲ್ಲ.

ಬೈದೆ. ಸುಳ್ಳು ಯಾಕೆ ಹೇಳಲಿ? ಮನೆ ಇದ್ದವರು ಯಾರಾದರೂ ಗಾಡಿಯಲ್ಲಿ ಮಲಗುತ್ತಾರೆಯೇ ಎಂದೆ. ಮಗ ನಗುತ್ತ, "ಬಂಜಾರಾ ಹಿಲ್ಸ್ ಅನ್ನೋ ಹೆಸರು ಎಲ್ಲಿಂದ ಬಂತಪ್ಪಾ?" ಎಂದು ಕೇಳಿದ. ನನ್ನ ಬಾಯಿ ಕಟ್ಟಿತು. ಇವತ್ತು ನಮ್ಮ ನಗರದಲ್ಲಿ ಒಂದು ಗೇಣು ಜಾಗಕ್ಕೂ ಬಂಗಾರದ ಬೆಲೆ ಇರುವ ಆ ಗುಡ್ಡಕ್ಕೆ ಹೆಸರು ಕೊಟ್ಟವರು ಸಂಸಾರವನ್ನೇ ಎತ್ತುಗಳ ಮೇಲೆ ಹೇರಿಕೊಂಡು ತಿರುಗಿದ ಬಂಜಾರರು, ನಾವು ಲಂಬಾಣಿಗಳು ಎನ್ನುವ ಜನ. ಉಪ್ಪು, ಧಾನ್ಯ ಹೊತ್ತ ಅವರ ಸಾವಿರಾರು ಎತ್ತುಗಳು ದಖ್ಖನದಲ್ಲಿ ಸೈನ್ಯಗಳಿಗೂ ಅನ್ನ ಮುಟ್ಟಿಸಿದವು. ರೈಲು ಬಂದ ಮೇಲೆ ಆ ವ್ಯಾಪಾರ ಮುರಿಯಿತು. ಆದರೆ ಮಗನಿಗೆ ನಾನು ಒಂದು ಮಾತು ಹೇಳದೆ ಬಿಡಲಿಲ್ಲ. ಅವರು ತಿರುಗಿದ್ದು ಕೆಲಸ ಬಿಟ್ಟಲ್ಲ ತಮ್ಮಾ, ತಿರುಗುವುದೇ ಅವರ ಕೆಲಸವಾಗಿತ್ತು.

ಆಮೇಲೆ ಅವನು ಮೈಸೂರಿನ ಡಿ. ಕೃಷ್ಣಕುಮಾರ್ ಅವರ ವಿಷಯ ತೆಗೆದ. ನಿಮ್ಮಲ್ಲಿ ಅನೇಕರು ಪತ್ರಿಕೆಗಳಲ್ಲಿ ಓದಿರಬಹುದು. ಬೆಂಗಳೂರಿನಲ್ಲಿ ಕಾರ್ಪೊರೇಟ್ ನೌಕರಿಯಲ್ಲಿದ್ದವರು. 2015ರಲ್ಲಿ ತಂದೆ ತೀರಿಕೊಂಡರು. ಒಂದು ದಿನ ತಾಯಿ ಚೂಡಾರತ್ನಮ್ಮ ಅವರನ್ನು ಯಾವ ಯಾವ ಕ್ಷೇತ್ರ ನೋಡಿದ್ದೀರಿ ಎಂದು ಕೇಳಿದಾಗ, ಬೇಲೂರು ಹಳೇಬೀಡನ್ನೂ ನೋಡಿಲ್ಲ ಎಂಬ ಉತ್ತರ ಬಂತು. ದೊಡ್ಡ ಕೂಡುಕುಟುಂಬಕ್ಕೆ ಅಡುಗೆ ಮಾಡಿ ಹಾಕುವುದರಲ್ಲೇ ಆ ತಾಯಿಯ ಆಯುಷ್ಯ ಕಳೆದಿತ್ತು. ಮಗ ನೌಕರಿ ಬಿಟ್ಟರು. 2018ರ ಜನವರಿ 16ರಂದು ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಹಿಂದೆ ತಾಯಿಯನ್ನು ಕೂರಿಸಿಕೊಂಡು ಮೈಸೂರಿನಿಂದ ಹೊರಟರು. ಯಾತ್ರೆಗೆ 'ಮಾತೃ ಸೇವಾ ಸಂಕಲ್ಪ ಯಾತ್ರೆ' ಎಂದು ಹೆಸರಿಟ್ಟರು. ಭಾರತ, ನೇಪಾಳ, ಭೂತಾನ್, ಮ್ಯಾನ್ಮಾರ್ ಸುತ್ತಿದರು. 2020ರಲ್ಲಿ ಕೊರೋನಾ ಲಾಕ್‌ಡೌನ್ ಬಂದಾಗ ಭೂತಾನ್ ಗಡಿಯ ಹತ್ತಿರ ಸಿಕ್ಕಿಕೊಂಡರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೈಸೂರು ಮುಟ್ಟುವ ಹೊತ್ತಿಗೆ 56 ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ ಸವೆದಿತ್ತು. ಉದ್ಯಮಿ ಆನಂದ್ ಮಹೀಂದ್ರಾ ಅವರು 2019ರಲ್ಲೇ ಇವರ ಸುದ್ದಿ ತಿಳಿದು ಒಂದು ಕಾರು ಕೊಡುತ್ತೇನೆಂದು ಮುಂದೆ ಬಂದದ್ದೂ ಉಂಟು.

ಇಷ್ಟು ಕೇಳಿ ನಾನು ಮಗನಿಗೆ ಹೇಳಿದ್ದು ಇದು: ಅವರು ವರ್ಷಗಟ್ಟಲೆ ದುಡಿದ ಉಳಿತಾಯ ಇಟ್ಟುಕೊಂಡು ಹೊರಟರು, ಮಠ ಮಂದಿರಗಳಲ್ಲಿ ತಂಗಿದರು. ನಿನ್ನ ಲೆಕ್ಕ ಎಲ್ಲಿದೆ, ತೋರಿಸು. ಬ್ಯಾಂಕಿನವನ ಬುದ್ಧಿ ಎಲ್ಲಿ ಹೋದೀತು!

ಮರುದಿನವೇ ಮಗ ಒಂದು ನೋಟ್‌ಬುಕ್ ತಂದ. ಡೀಸೆಲ್ಲು, ಟೋಲು, ಟೈರು, ಗ್ಯಾಸಿನ ಸಣ್ಣ ಸಿಲಿಂಡರು, ಎಲ್ಲಾ ಬರೆದಿದ್ದ. ಐದು ವರ್ಷ ದಾಟಿದ್ದರಿಂದ ಗ್ರಾಚ್ಯುಟಿ ಬರುತ್ತದೆ ಎಂಬುದೂ ಅದರಲ್ಲಿತ್ತು. ಆದರೆ ಎರಡು ಸಾಲು ಬಿಟ್ಟಿದ್ದ. ಒಂದು, ಗಾಡಿಯ ಸೀಟು ಕಿತ್ತು ಮಂಚ, ಒಲೆ ಕೂರಿಸುವುದು. ಆರ್‌ಸಿ ಪುಸ್ತಕದಲ್ಲಿ ಇರುವುದಕ್ಕಿಂತ ಬೇರೆ ರೂಪಕ್ಕೆ ಗಾಡಿಯನ್ನು ತಿರುಗಿಸಬೇಕಾದರೆ ಆರ್‌ಟಿಎ ಒಪ್ಪಿಗೆ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅದನ್ನೇ ಹೇಳುತ್ತದೆ. ಒಪ್ಪಿಗೆ ಇಲ್ಲದ ಗಾಡಿಗೆ ಅಪಘಾತವಾದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಮೆಕ್ಯಾನಿಕ್ಕು "ಏನೂ ಆಗಲ್ಲ ಸಾರ್" ಅಂದದ್ದನ್ನು ನಂಬಬಾರದು.

ಇನ್ನೊಂದು ಸಾಲು ನನ್ನದೇ. ಮೂರು ವರ್ಷದ ಹಿಂದೆ ನನ್ನ ಎದೆಯಲ್ಲಿ ಒಂದು ಸ್ಟೆಂಟ್ ಹಾಕಿದರು. ಖರ್ಚು ಭರಿಸಿದ್ದು ಮಗನ ಕಂಪನಿಯ ಗುಂಪು ವಿಮೆ. ಅವನು ನೌಕರಿಯಿಂದ ಹೊರಬಂದ ದಿನ ಆ ಆಸರೆ ಅವನಿಗೂ ಹೋಗುತ್ತದೆ, ನಮಗೂ ಹೋಗುತ್ತದೆ. ಹೊಸ ಪಾಲಿಸಿಯಲ್ಲಿ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶ ಇದೆ, ಆದರೆ ಅದನ್ನು ವಿಚಾರಿಸಬೇಕಾದದ್ದು ನೌಕರಿ ಬಿಡುವ ಮೊದಲು. ಇದನ್ನು ನಾನು ಹೇಳಬೇಕೋ ಬೇಡವೋ ಎಂದು ಎರಡು ರಾತ್ರಿ ಹೊರಳಾಡಿದೆ. ಹೇಳಿದರೆ ನನ್ನ ಕಾಯಿಲೆಯನ್ನು ಮಗನ ಕಾಲಿಗೆ ಕಟ್ಟಿದ ಹಾಗೆ. ಹೇಳದಿದ್ದರೆ ಲೆಕ್ಕ ತಪ್ಪು. ಕಡೆಗೆ ನೋಟ್‌ಬುಕ್ಕಿನಲ್ಲಿ ನಾನೇ ಬರೆದು ಮೇಜಿನ ಮೇಲಿಟ್ಟೆ.

ಮಗ ಓದಿದ. ಸಿಟ್ಟಾಗಲಿಲ್ಲ. ರಾಜೀನಾಮೆಯನ್ನು ಆರು ತಿಂಗಳು ಮುಂದಕ್ಕೆ ಹಾಕಿದ್ದೇನೆ, ಪಾಲಿಸಿ ಕೈಗೆ ಬಂದ ಮೇಲೆ ನೋಡೋಣ ಎಂದ. ಗೆದ್ದೆನೆಂದು ನಾನು ಒಳಗೊಳಗೇ ಹಿಗ್ಗಿದೆ. ಬಿಟ್ಟೇ ಬಿಡುತ್ತಾನೆ ಅಂದುಕೊಂಡೆ.

ಅಷ್ಟು ದಿನ ಸುಮ್ಮನಿದ್ದ ನನ್ನ ಹೆಂಡತಿ ಆಗ ಅಡುಗೆಮನೆಯಿಂದಲೇ ಕೇಳಿದಳು. "ಏನ್ರೀ, ಆ ಮೈಸೂರಿನ ತಾಯಿ ಬೇಲೂರು ನೋಡಿದ್ದಿಲ್ಲಂತ. ನಾ ಯಾವಾಗ ನೋಡೀನಿ?"

ಮದುವೆಯಾಗಿ 36 ವರ್ಷ. ಬೀದರಿಗೆ ಹೋಗಿದ್ದೇವೆ, ಕಲಬುರಗಿಯ ಶರಣಬಸವೇಶ್ವರರ ಜಾತ್ರೆಗೆ ಹೋಗಿದ್ದೇವೆ, ತಿರುಪತಿಗೆ ಎರಡು ಸಲ. ಮುಂಬೈ ಹೆದ್ದಾರಿ ಹಿಡಿದರೆ ಒಂದು ಹೊತ್ತಿನ ದಾರಿಯಾದ ಬಸವಕಲ್ಯಾಣಕ್ಕೂ ಅವಳನ್ನು ಕರೆದುಕೊಂಡು ಹೋದವನಲ್ಲ ನಾನು. ಎಲ್.ಟಿ.ಸಿ. ಪ್ರತಿ ಸಲವೂ ನಗದು ಮಾಡಿಕೊಂಡೆ.

ಮಗ ಎದ್ದು ಹೋಗಿ ಅಳತೆಯ ಟೇಪು ತಂದ. ತಾಯಿಯನ್ನು ಗೋಡೆಗೆ ನಿಲ್ಲಿಸಿ ಅಳೆದ. ಐದು ಅಡಿ ಒಂದು ಇಂಚು. ನೋಟ್‌ಬುಕ್ಕಿನಲ್ಲಿ ಗಾಡಿಯ ಚಿತ್ರದ ಪಕ್ಕ ಅದನ್ನು ಬರೆದುಕೊಂಡ. ಆಮೇಲೆ ಟೇಪು ಹಿಡಿದುಕೊಂಡೇ ನನ್ನ ಕಡೆ ನೋಡಿದ.