ಕಾಲಿಗೆ ಹೇಳುವ ಬುದ್ಧಿ



ನಮ್ಮ ನುಡಿಯಲ್ಲಿ ಓಟಕ್ಕೆ ಅಷ್ಟೇನೂ ಒಳ್ಳೆಯ ಹೆಸರಿಲ್ಲ. ಕಷ್ಟ ಎದುರಾದಾಗ ಬೆನ್ನು ತಿರುಗಿಸಿದವನನ್ನು 'ಕಾಲಿಗೆ ಬುದ್ಧಿ ಹೇಳಿದ' ಎನ್ನುತ್ತೇವೆ. ಸಾಲಗಾರ ಓಡಿಹೋಗುತ್ತಾನೆ, ಕಳ್ಳ ಓಡಿಹೋಗುತ್ತಾನೆ, ಮನೆಯವರ ಒಪ್ಪಿಗೆ ಸಿಕ್ಕದ ಪ್ರೇಮಿಗಳು ಓಡಿಹೋಗುತ್ತಾರೆ. ಒಂದು ಕಾಗದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದವನು 'ಓಡಾಟ ಸಾಕಾಯಿತು' ಎಂದು ಉಸ್ಸೆನ್ನುತ್ತಾನೆ. ಭಯಕ್ಕೆ, ನಾಚಿಕೆಗೆ, ಅಗತ್ಯಕ್ಕೆ ಓಡುವುದನ್ನು ನಮ್ಮ ಮಾತು ಚೆನ್ನಾಗಿ ಬಲ್ಲದು. ಓಡುವುದೇ ಒಂದು ಸುಖವೆಂದು ಓಡುವುದನ್ನು ಅದು ಇನ್ನೂ ಪೂರ್ತಿಯಾಗಿ ಒಪ್ಪಿಕೊಂಡಿಲ್ಲ. ಆದ್ದರಿಂದಲೇ ನಮ್ಮ ಚಳ್ಳಕೆರೆಯಂಥ ಊರಿನಲ್ಲಿ ನಡುವಯಸ್ಸಿನವನೊಬ್ಬ ಬೆಳಗಿನ ಜಾವ ರಸ್ತೆಯಲ್ಲಿ ಓಡಿದರೆ, ಎದುರಿಗೆ ಬಂದ ಹಾಲಿನವನು ಗಾಡಿ ನಿಲ್ಲಿಸಿ 'ಯಾಕ್ ಸ್ವಾಮಿ, ಏನಾತು?' ಎಂದು ಗಾಬರಿಯಿಂದ ಕೇಳುತ್ತಾನೆ.

ನಾಟಕದ ವಿಷಯದಲ್ಲಿ ನಾವು ಇಷ್ಟು ಬಿಗಿಯಾಗಿಲ್ಲ. ಹಗಲೆಲ್ಲ ಅಂಗಡಿಯಲ್ಲೋ ಶಾಲೆಯಲ್ಲೋ ದುಡಿದು ರಾತ್ರಿ ಬಣ್ಣ ಹಚ್ಚುವವರನ್ನು 'ಹವ್ಯಾಸಿ ಕಲಾವಿದರು' ಎಂದು ಗೌರವದಿಂದ ಕರೆಯುತ್ತೇವೆ. ಅವರ ತಂಡಕ್ಕೆ ಚಂದಾ ಕೊಡುತ್ತೇವೆ, ಚಾಪೆ ಹಾಸಿ ಕೂತು ನೋಡುತ್ತೇವೆ. ಹವ್ಯಾಸಿ ಓಟಗಾರರ ಬಳಗವೆಂಬ ಮಾತು ಮಾತ್ರ ನಮಗೆ ಹೊಸತು. ಅಂಥ ಬಳಗವೊಂದು ಚಳ್ಳಕೆರೆ, ಮೊಳಕಾಲ್ಮೂರಿನಂಥ ಸೀಮೆಗೆ ಏಕೆ ಬೇಕು ಎಂಬುದನ್ನು ತಮ್ಮೊಡನೆ ಹಂಚಿಕೊಳ್ಳಬೇಕೆಂದು ನನ್ನ ಅಪೇಕ್ಷೆ. ನಾನು ವೃತ್ತಿಯಿಂದ ಮೇಷ್ಟ್ರಾಗಿದ್ದವನು, ಓಡುವವನಲ್ಲ, ನಡೆಯುವವನು. ಮೈದಾನದ ಅಂಚಿನಲ್ಲಿ ನಡೆಯುತ್ತ ಕಂಡದ್ದೇ ನನ್ನ ಬಂಡವಾಳ.

ಈ ಸೀಮೆಗೆ ಕಾಲಿನ ಶ್ರಮ ಹೊಸದಲ್ಲ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ತಾಲೂಕುಗಳಲ್ಲಿ ನಮ್ಮವೂ ಸೇರಿವೆ. ಮಳೆ ಕೈಕೊಟ್ಟ ಕಡೆ ಮನುಷ್ಯ ಕುರಿ ದನಗಳ ಹಿಂದೆ ನಡೆಯಲೇಬೇಕು. ಕುರುಬರು, ಕಾಡುಗೊಲ್ಲರು, ಮ್ಯಾಸಬೇಡರು ತಲೆತಲಾಂತರದಿಂದ ಈ ಬಯಲನ್ನು ಕಾಲಿನಿಂದಲೇ ಅಳೆದವರು. ಚಳ್ಳಕೆರೆ ತಾಲೂಕಿನ ಕ್ಯಾತಪ್ಪನ ಜಾತ್ರೆಯಲ್ಲಿ ಕಾಡುಗೊಲ್ಲ ತರುಣರು ಕಾರೆಮುಳ್ಳಿನಿಂದ ಕಟ್ಟಿದ ಗುಡಿಯನ್ನು ಬರಿಗಾಲಿನಲ್ಲಿ ಏರಿ ಕಳಶ ಇಳಿಸುವುದನ್ನು ಕಂಡವರಿಗೆ ಇಲ್ಲಿನ ಅಂಗಾಲುಗಳ ಗಟ್ಟಿತನವನ್ನು ಬೇರೆ ಹೇಳಬೇಕಾಗಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಕಾಗದಪತ್ರಗಳೂ ಕಾಲಿನ ಮೇಲೆಯೇ ಸಂಚರಿಸಿದವು. 17ನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ ಆರಂಭವಾದ ಮೈಸೂರು ಅಂಚೆ, 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಗುವವರೆಗೆ, ಓಡುವ ಆಳುಗಳನ್ನು ನಂಬಿಕೊಂಡಿತ್ತು. ಅದೆಲ್ಲ ಹೊಟ್ಟೆಯ ಪಾಡಿನ ಓಟ, ಇಲ್ಲವೇ ಹರಕೆಯ ಓಟ.

ಹೊಟ್ಟೆಯ ಪಾಡಿನ ಓಟ ಇಂದಿಗೂ ನಿಂತಿಲ್ಲ. ರೂಪ ಬದಲಿಸಿದೆ, ಅಷ್ಟೆ. ಬೆಳಗಿನ ಐದು ಗಂಟೆಗೆ ನಮ್ಮ ಊರಿನ ಮೈದಾನಕ್ಕೆ ಬಂದು ನೋಡಿ. ಸುತ್ತಲಿನ ಹಳ್ಳಿಗಳ ಹುಡುಗರು, ನಾಲ್ಕಾರು ಹುಡುಗಿಯರು, ಮಬ್ಬುಗತ್ತಲಲ್ಲಿ ಸುತ್ತು ಹಾಕುತ್ತಿರುತ್ತಾರೆ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಗಂಡುಮಕ್ಕಳು 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೂ, ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷದೊಳಗೂ ಓಡಿ ಮುಗಿಸಬೇಕು. 400 ಮೀಟರಿನ ಪಥದಲ್ಲಿ ನಾಲ್ಕು ಸುತ್ತು. ಸುತ್ತೊಂದಕ್ಕೆ ತೊಂಬತ್ತೇಳೂವರೆ ಸೆಕೆಂಡು. ಈ ಲೆಕ್ಕವನ್ನು ನಮ್ಮ ಹುಡುಗರು ಮಗ್ಗಿಯಂತೆ ಬಾಯಿಪಾಠ ಮಾಡಿದ್ದಾರೆ. ಒಂದು ಕುಟುಂಬದ ಸಾಲ, ತಂಗಿಯ ಮದುವೆ, ತಾಯಿಯ ಔಷಧಿ ಎಲ್ಲವೂ ಆ ಆರೂವರೆ ನಿಮಿಷದೊಳಗೆ ಅಡಗಿ ಕೂತಿರುತ್ತವೆ.

ಅಂಥ ಹುಡುಗನೊಬ್ಬನನ್ನು ನಾನು ಬಲ್ಲೆ. ಎರಡು ವರ್ಷ ಒಂದು ದಿನವೂ ತಪ್ಪದೆ ಓಡಿದ. ಪರೀಕ್ಷೆಯ ದಿನ ನಾಲ್ಕು ಸೆಕೆಂಡು ಹಿಂದೆ ಬಿದ್ದ. ಮಾರನೆಯ ದಿನದಿಂದ ಮೈದಾನಕ್ಕೆ ಬರಲಿಲ್ಲ. ತನ್ನ ಬೂಟನ್ನು ಕಿರಿಯನೊಬ್ಬನಿಗೆ ಕೊಟ್ಟುಬಿಟ್ಟನೆಂದು ಕೇಳಿದೆ. ಸಂತೆಯ ದಿನ ಎದುರು ಸಿಕ್ಕಾಗ ಏಕೆ ಬರುತ್ತಿಲ್ಲವೆಂದು ವಿಚಾರಿಸಿದೆ. 'ಇನ್ನ ಓಡಿ ಏನ್ ಮಾಡ್ಲಿ ಸಾರ್? ವಯಸ್ಸೂ ದಾಟ್ತು' ಎಂದ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಕಣ್ಣೀರೂ ಇರಲಿಲ್ಲ. ಅಂಗಡಿಯ ಬಾಗಿಲು ಹಾಕಿದವನ ತಣ್ಣನೆಯ ಧ್ವನಿಯಿತ್ತು. ಎರಡು ವರ್ಷ ಕಷ್ಟಪಟ್ಟು ಕಟ್ಟಿದ ಉಸಿರು, ಎದೆ, ತೊಡೆ ಎಲ್ಲವೂ ನಾಲ್ಕು ಸೆಕೆಂಡಿನ ಕಾರಣಕ್ಕೆ ಅವನ ಪಾಲಿಗೆ ಬೆಲೆ ಕಳೆದುಕೊಂಡಿದ್ದವು.

ಬಳಗದ ಅಗತ್ಯ ನನಗೆ ಮನವರಿಕೆಯಾದದ್ದು ಇಲ್ಲಿಯೇ. ಪರೀಕ್ಷೆಗೆ ಓಡುವವನು ಒಂಟಿ. ಪಕ್ಕದಲ್ಲಿ ಓಡುವವನು ಅವನಿಗೆ ಪ್ರತಿಸ್ಪರ್ಧಿ. ಇರುವ ಹುದ್ದೆಗಳು ಎಣಿಕೆಯವು. ಬಳಗದಲ್ಲಿ ಓಡುವವನಿಗೆ ಪಕ್ಕದವನು ಜೊತೆಗಾರ. ನಮ್ಮ ಮೈದಾನದಲ್ಲಿ ಹೆಸರಿಲ್ಲದ, ಫಲಕವಿಲ್ಲದ, ರಸೀತಿ ಪುಸ್ತಕವಿಲ್ಲದ ಒಂದು ಸಣ್ಣ ಗುಂಪು ತಾನಾಗಿಯೇ ಕೂಡಿಕೊಂಡಿದೆ. ಒಬ್ಬರು ಎಣ್ಣೆ ಗಿರಣಿಯಲ್ಲಿ ಲೆಕ್ಕ ಬರೆಯುವವರು, ಒಬ್ಬರು ಔಷಧಿ ಅಂಗಡಿಯವರು, ಇಬ್ಬರು ಶಿಕ್ಷಕಿಯರು, ಉಳಿದವರು ಪರೀಕ್ಷೆಯ ಹುಡುಗರು. ಅವರಲ್ಲಿ ಹಿರಿಯರು ಆ ಹುಡುಗನ ಮನೆಗೇ ಹೋಗಿ, 'ಓಡಬೇಡ ಕಣಪ್ಪ, ಗಡಿಯಾರ ಹಿಡಿಯೋಕಾದ್ರೂ ಬಾ. ನಿನ್ನಂಗೆ ಲೆಕ್ಕ ಹೇಳೋರು ಇಲ್ಲಿ ಯಾರವ್ರೆ?' ಎಂದು ಕರೆತಂದರು. ಮೊದಲ ವಾರ ಅವನು ಗಡಿಯಾರವನ್ನಷ್ಟೇ ನೋಡಿದ. ಮೂರನೆಯ ವಾರ ಚಪ್ಪಲಿ ಬಿಟ್ಟು ಒಂದು ಸುತ್ತು ಓಡಿದ. ಅವನಿಗೆ ಕೆಲಸ ಸಿಕ್ಕಿತೆಂದು ಹೇಳಿ ಕಥೆಯನ್ನು ಸುಖಾಂತ ಮಾಡಲಾರೆ. ಈಗ ಅವನು ಕಿರಿಯರಿಗೆ ಸುತ್ತಿನ ಲೆಕ್ಕ ಕೂಗಿ ಹೇಳುತ್ತಾನೆ, ತಾನೂ ಓಡುತ್ತಾನೆ. ಅಷ್ಟು ಮಾತ್ರ ನಿಜ.

ಮೊಳಕಾಲ್ಮೂರಿನ ಕಡೆಗೆ ಒಮ್ಮೆ ಕಣ್ಣು ಹಾಯಿಸೋಣ. ಚಳ್ಳಕೆರೆಯಿಂದ ಅಲ್ಲಿಗೆ ಇರುವ ದಾರಿ ಮ್ಯಾರಥಾನ್ ಓಟದ 42.195 ಕಿಲೋಮೀಟರಿಗಿಂತ ತುಸು ಹೆಚ್ಚೇ. ಆ ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಎಡೆಗಳಲ್ಲಿ, ಒಂದಕ್ಕೊಂದು ಕೆಲವೇ ಕಿಲೋಮೀಟರ್ ಅಂತರದಲ್ಲಿ, ಅಶೋಕನ ಬಂಡೆಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಇವನ್ನು ವಿದ್ವತ್ ಲೋಕದ ಗಮನಕ್ಕೆ ತಂದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಸಂದೇಶವದು. ಅದರ ತಿರುಳು ಹೀಗೆ: ಧರ್ಮದ ಹಾದಿಯಲ್ಲಿ ದೊರೆಯುವ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವನಿಗೂ ಅದು ದಕ್ಕುತ್ತದೆ, ಆದ್ದರಿಂದ ಸಣ್ಣವರೂ ದೊಡ್ಡವರೂ ಪ್ರಯತ್ನಶೀಲರಾಗಲಿ. ಪ್ರಯತ್ನಕ್ಕೆ ಅಲ್ಲಿ ಬಳಸಿರುವ ಪ್ರಾಕೃತ ಪದ ಸಂಸ್ಕೃತದ 'ಪ್ರಕ್ರಮ'ಕ್ಕೆ ಸಂವಾದಿಯಾದದ್ದು. ಅದರ ಮೂಲದಲ್ಲಿರುವ 'ಕ್ರಮ್' ಧಾತುವಿಗೆ ಹೆಜ್ಜೆಯಿಡುವುದೆಂದೇ ಅರ್ಥ. ಅಶೋಕ ಹೇಳಿದ್ದು ಧರ್ಮಾಚರಣೆಯ ಮಾತೇ ಹೊರತು ಮೈದಾನದ ಮಾತಲ್ಲ, ನಿಜ. ಆದರೂ, 2,200 ವರ್ಷಗಳಿಗೂ ಹಿಂದೆ ಈ ಕಲ್ಲುಗುಡ್ಡಗಳ ನಡುವೆ ಕೆತ್ತಿದ ಮಾತು ಸಣ್ಣವನ ಹೆಜ್ಜೆಗೆ ಲೆಕ್ಕವಿದೆ ಎಂದು ಹೇಳುತ್ತಿರುವುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಹೆಸರನ್ನು ಬಿಟ್ಟುಹೋಗಿದ್ದಾನೆ. ಸುವರ್ಣಗಿರಿಯಿಂದ ಆ ಸಂದೇಶವನ್ನು ಹೊತ್ತು ತಂದವನ ಹೆಸರು ಮಾತ್ರ ಕಲ್ಲಿನ ಮೇಲೆ ಇಲ್ಲ.

ಸಣ್ಣವನಿಗೂ ಜಾಗವಿರಬೇಕು ಎಂಬ ಮಾತನ್ನು ಓಟದ ಸಂಘಗಳು ಸುಲಭವಾಗಿ ಒಪ್ಪಲಿಲ್ಲ ಎಂಬುದನ್ನು ಚರಿತ್ರೆ ಹೇಳುತ್ತದೆ. ಇಂಗ್ಲೆಂಡಿನಲ್ಲಿ 1866ರಲ್ಲಿ ಸ್ಥಾಪನೆಯಾದ ಹವ್ಯಾಸಿ ಕ್ರೀಡಾ ಸಂಘವೊಂದು 'ಹವ್ಯಾಸಿ' ಎಂಬ ಪದಕ್ಕೆ ವ್ಯಾಖ್ಯೆ ಕೊಡುವಾಗ, ಯಂತ್ರದ ಕೆಲಸದವರನ್ನೂ ಕುಶಲಕರ್ಮಿಗಳನ್ನೂ ಕೂಲಿಕಾರರನ್ನೂ ಹೊರಗಿಟ್ಟಿತು. ಕೈಯಿಂದ ದುಡಿದವನು ಸಂತೋಷಕ್ಕಾಗಿ ಓಡಲಾರನೆಂದು ಆ ದೊಡ್ಡ ಮನುಷ್ಯರು ನಂಬಿದ್ದರೋ, ಇಲ್ಲವೇ ಅವನಿಗೆ ಸೋತುಬಿಟ್ಟೇವೆಂದು ಅಂಜಿದ್ದರೋ! 1880ರಲ್ಲಿ ಹೊಸ ಸಂಘ ರೂಪುಗೊಂಡಾಗ ಆ ಕಟ್ಟು ಸಡಿಲವಾಯಿತು. ಮೊಳಕಾಲ್ಮೂರಿನ ರೇಷ್ಮೆ ನೇಕಾರ, ಚಳ್ಳಕೆರೆಯ ಕಂಬಳಿ ನೇಯುವವನು, ಶೇಂಗಾ ಮೂಟೆ ಹೊರುವ ಹಮಾಲಿ, ಇವರನ್ನು ಹೊರಗಿಟ್ಟ ಬಳಗ ನಮ್ಮ ಸೀಮೆಯಲ್ಲಿ ಬಳಗವೇ ಅಲ್ಲ. ದಿನವಿಡೀ ಗುಂಡಿ ಮಗ್ಗದ ಮುಂದೆ ಕೂತು ಬೆನ್ನು ಬಗ್ಗಿಸಿದವನಿಗೆ ಬೆಳಗಿನ ಅರ್ಧ ಗಂಟೆ ಬಯಲಿನ ಗಾಳಿ ಎಷ್ಟು ಬೇಕೋ, ಅಷ್ಟು ಬೇರೆ ಯಾರಿಗೆ ಬೇಕು?

ಸಂಘವೊಂದು ಮನಸ್ಸು ಮಾಡಿದರೆ ಏನಾಗಬಹುದು ಎಂಬುದಕ್ಕೂ ನಿದರ್ಶನವುಂಟು. ಪುಣೆಯ ಡೆಕ್ಕನ್ ಜಿಮಖಾನಾ 1919ರಲ್ಲಿ ನಡೆಸಿದ ಕ್ರೀಡಾಕೂಟದಲ್ಲಿ ರೈತಾಪಿ ತರುಣರು ಬರಿಗಾಲಿನಲ್ಲಿ ದೂರದ ಓಟ ಓಡಿದರು. ಅದನ್ನು ಕಂಡ ದೊರಾಬ್ಜಿ ಟಾಟಾ ಇಂಥವರನ್ನು ಒಲಿಂಪಿಕ್ಸ್‌ಗೆ ಕಳುಹಿಸಬಹುದೆಂದು ಯೋಚಿಸಿದರು. ಮರುವರ್ಷ, 1920ರಲ್ಲಿ, ಬೆಲ್ಜಿಯಂ ದೇಶದ ಆಂಟ್‌ವರ್ಪ್‌ಗೆ ಹೋದ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಅಂದಿನ ಮ್ಯಾರಥಾನ್ 42.75 ಕಿಲೋಮೀಟರ್, ಇಂದಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಚೌಗುಲೆ ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾಗಿ ಬಂದರು. ಹತ್ತೊಂಬತ್ತನೆಯವನಿಗೆ ಪದಕವಿಲ್ಲ. ಆದರೆ ಊರ ಮೈದಾನದಲ್ಲಿ ಓಟ ಏರ್ಪಡಿಸಿ, ಗಡಿಯಾರ ಹಿಡಿದು, ಹೆಸರು ಬರೆದುಕೊಂಡವರು ಇಲ್ಲದಿದ್ದರೆ ಆ ಹತ್ತೊಂಬತ್ತನೆಯ ಸ್ಥಾನವೂ ಇರುತ್ತಿರಲಿಲ್ಲ.

ಹೆಣ್ಣುಮಕ್ಕಳ ಮಾತನ್ನು ಬೇರೆಯಾಗಿಯೇ ಹೇಳಬೇಕು. 1928ರ ಒಲಿಂಪಿಕ್ಸ್‌ನಲ್ಲಿ ಮಹಿಳೆಯರು 800 ಮೀಟರ್ ಓಡಿದ್ದನ್ನು ನೋಡಿದ ವ್ಯವಸ್ಥಾಪಕರು, ಇಷ್ಟು ದೂರ ಹೆಂಗಸರ ಮೈಗೆ ಆಗದೆಂದು ತೀರ್ಮಾನಿಸಿ, 1960ರವರೆಗೆ ಆ ಓಟವನ್ನೇ ಕೈಬಿಟ್ಟರು. ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ. ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ಬೇಸಿಗೆಯಲ್ಲಿ ಮೈಲಿಗಟ್ಟಲೆ ನಡೆದ ನಮ್ಮ ತಾಯಂದಿರನ್ನು ಕೇಳಿದ್ದರೆ ಆ ವ್ಯವಸ್ಥಾಪಕರಿಗೆ ಬೇರೆ ಉತ್ತರ ಸಿಕ್ಕುತ್ತಿತ್ತು. ನಮ್ಮ ಮೈದಾನದಲ್ಲಿ ಒಬ್ಬ ಹುಡುಗಿ ಓಡುವಾಗ ಅವಳ ತಾಯಿ ಕಟ್ಟೆಯ ಮೇಲೆ ಸೆರಗು ಹೊದ್ದು ಕೂತಿರುತ್ತಾಳೆ. ಬಳಗ ಗಟ್ಟಿಯಾಗಿದ್ದರೆ ಆ ತಾಯಿ ಕಾವಲು ಕೂರಬೇಕಾಗಿಲ್ಲ; ತಾನೂ ಎದ್ದು ನಾಲ್ಕು ಹೆಜ್ಜೆ ಹಾಕಬಹುದು. ಇತ್ತೀಚೆಗೆ ಆಕೆ ಹಾಕುತ್ತಿದ್ದಾಳೆ ಕೂಡ.

ಇನ್ನು, ಇಂಥ ಬಳಗ ಮಾಡುವ ಕೆಲಸವಾದರೂ ಏನು? ಕೆಲಸ ಸರಳ, ನಿಯಮವೂ ಸರಳ. ನಮ್ಮ ಬಿಸಿಲಿಗೆ ಅಂಜಬೇಕು. ಆದ್ದರಿಂದ ಬೇಸಿಗೆಯಲ್ಲಿ ಐದಕ್ಕೆ ಹೊರಟು ಬಿಸಿಲೇರುವ ಮುನ್ನ ಮುಗಿಸುತ್ತಾರೆ. ಓಡುತ್ತಲೇ ಪಕ್ಕದವನೊಡನೆ ಮಾತಾಡಲು ಸಾಧ್ಯವಾಗುವಷ್ಟೇ ವೇಗ. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ಅರ್ಥ. ಹೊಸಬನಿಗೆ ಮೊದಲು ನಡಿಗೆ, ಆಮೇಲೆ ನಡಿಗೆಯ ನಡುನಡುವೆ ಓಟ. ಉಸಿರು ಬೇಗ ಪಳಗುತ್ತದೆ, ಸ್ನಾಯು ಅದರ ಹಿಂದೆ ಬರುತ್ತದೆ, ಮೂಳೆ ಮತ್ತು ಸ್ನಾಯುರಜ್ಜುಗಳು ಎಲ್ಲಕ್ಕಿಂತ ನಿಧಾನವಾಗಿ ಗಟ್ಟಿಯಾಗುತ್ತವೆ. ಇದನ್ನರಿಯದೆ ಹದಿನೈದು ದಿನದಲ್ಲಿ ದೂರವನ್ನು ಇಮ್ಮಡಿ ಮಾಡಿದವರು ಮೊಣಕಾಲ ಕೆಳಗಿನ ನೋವಿನಿಂದ ಮೂಲೆ ಸೇರುತ್ತಾರೆ. 'ನಿಧಾನವೇ ಪ್ರಧಾನ' ಎಂಬ ಗಾದೆ ಓಟಗಾರನಿಗೂ ಸಲ್ಲುತ್ತದೆ. ಭಾನುವಾರ ಊರ ಹೊರಗೆ ಉದ್ದನೆಯ ಓಟ. ಡಾಂಬರು ಬಿಟ್ಟು ಮಣ್ಣಿನ ಅಂಚು ಹಿಡಿಯಬೇಕು, ಬಳ್ಳಾರಿ ಜಾಲಿಯ ಮುಳ್ಳಿನ ಮೇಲೆ ಕಣ್ಣಿಡಬೇಕು. ಮುಗಿದ ಮೇಲೆ ನೀರು, ಒಂದು ಹಿಡಿ ಶೇಂಗಾ, ಒಂದು ಚೂರು ಬೆಲ್ಲ. ಕೊನೆಯವನು ಬಂದು ತಲುಪುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ಈ ಕೊನೆಯ ನಿಯಮವೇ ನನಗೆ ಎಲ್ಲಕ್ಕಿಂತ ಮಿಗಿಲಾಗಿ ತೋರಿದೆ. ಪರೀಕ್ಷೆಯ ಗಡಿಯಾರ ಆರೂವರೆ ನಿಮಿಷಕ್ಕೆ ನಿಲ್ಲುತ್ತದೆ. ಬಳಗದ ಗಡಿಯಾರ ಕೊನೆಯವನಿಗಾಗಿ ಕಾಯುತ್ತದೆ.

ಬೆಂಗಳೂರಿನಲ್ಲಿ 2008ರಿಂದ ಹತ್ತು ಕಿಲೋಮೀಟರಿನ ದೊಡ್ಡ ಓಟ ಏರ್ಪಡುತ್ತ ಬಂದಿದೆ. ಸಾವಿರಾರು ಹವ್ಯಾಸಿಗಳು ಅದರಲ್ಲಿ ಪಾಲುಗೊಳ್ಳುತ್ತಾರೆ. ಆ ವೈಭವ ನಮಗೆ ಬೇಕಾಗಿಲ್ಲ. ದನಕರು ಅಡ್ಡಾಡುತ್ತಿದ್ದ ನಮ್ಮ ಕಾವಲು ಭೂಮಿಯ ಬಹುಭಾಗ ಈಗ ಗೋಡೆಗಳ ಒಳಗೆ ಸೇರಿದೆ. ಉಳಿದ ಮೈದಾನಗಳಾದರೂ ಬೆಳಗಿನ ಐದಕ್ಕೆ ಬೀಗ ತೆಗೆದಿರಲಿ. ಮೂಲೆಯಲ್ಲೊಂದು ದೀಪ, ಒಂದು ಕುಡಿಯುವ ನೀರಿನ ನಲ್ಲಿ, ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ ಇರಲಿ. ಇವನ್ನು ಕೇಳುವುದಕ್ಕೆ ಒಬ್ಬ ಹುಡುಗನ ಧ್ವನಿ ಸಾಲದು. ಊರಿನ ಬಳಗದ ಧ್ವನಿ ಬೇಕು. ಓಡಲಾರದವರು ಗಡಿಯಾರ ಹಿಡಿಯಬಹುದು, ನೀರು ತುಂಬಿಸಿಡಬಹುದು, ಕೊನೆಯವರು ಬರುವವರೆಗೆ ಕಾಯಬಹುದು. ಈ ಊರುಗಳಲ್ಲಿ ಓಡುವ ಕಾಲುಗಳಿಗೆ ಕೊರತೆಯಿಲ್ಲ, ಕಾಯುವವರು ಇನ್ನಷ್ಟು ಮಂದಿ ಬೇಕು. ನಾಳೆ ಬೆಳಗ್ಗೆ ತಮ್ಮ ಊರಿನ ಮೈದಾನದ ಕಡೆಗೆ ಒಮ್ಮೆ ಹೋಗಿಬನ್ನಿ ಎಂಬುದಷ್ಟೇ ನನ್ನ ವಿನಂತಿ.