ಬೇಡಿದ ವರವೂ ವೀತರಾಗನ ಮೌನವೂ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)

 

ಗರ್ಭಾವತರಣದಿಂದ ಮೋಕ್ಷದವರೆಗಿನ ಐದು ಕಲ್ಯಾಣಗಳ ವಿಧಿಯು ಶಾಸ್ತ್ರೋಕ್ತವಾಗಿ ನೆರವೇರಿ, ನಿನ್ನೆಯವರೆಗೆ ಶಿಲೆಯಾಗಿದ್ದುದು ಇಂದು ಪೂಜಾರ್ಹವಾದ ಜಿನಬಿಂಬವಾಗಿದೆ. ನಾಳೆ ಮುಂಜಾನೆ ಬಸದಿಯ ಬಾಗಿಲು ತೆರೆದೊಡನೆ ಶ್ರಾವಕರು ಬರತೊಡಗುತ್ತಾರೆ. ಕೆಲವರ ಕೈಯಲ್ಲಿ ಅಷ್ಟದ್ರವ್ಯವಿರುತ್ತದೆ; ಕೆಲವರ ಕಣ್ಣಲ್ಲಿ ನೀರಿರುತ್ತದೆ. ಮಗುವಿನ ಜ್ವರ, ಕೂಡಿಬಾರದ ಮದುವೆ, ಮಳೆಯಿಲ್ಲದ ಹೊಲ, ಕೈಕೊಟ್ಟ ವ್ಯಾಪಾರ ಇವೆಲ್ಲವೂ ಈ ಹೊಸ್ತಿಲನ್ನು ದಾಟಿ ಒಳಗೆ ಬರುತ್ತವೆ. ಅವುಗಳಲ್ಲಿ ಕೆಲವು ಬೇಡಿಕೆಗಳು ಈಡೇರಿದಂತೆ ತೋರುತ್ತವೆ, ಹಲವು ಈಡೇರುವುದಿಲ್ಲ. ಆಗ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: ‘ಇಷ್ಟು ನೋಂಪಿ, ಇಷ್ಟು ಅಭಿಷೇಕ, ಇಷ್ಟು ಜಪ ಮಾಡಿಯೂ ಭಗವಂತನು ಏಕೆ ಓಗೊಡಲಿಲ್ಲ?’

ಈ ಪ್ರಶ್ನೆಯನ್ನು ಗದರಿಸಿ ಅಡಗಿಸುವುದು ಧರ್ಮವಲ್ಲ. ಪುರಾಣಗಳು ಆರಂಭವಾಗುವುದೇ ಶ್ರೇಣಿಕ ಮಹಾರಾಜನ ಪ್ರಶ್ನೆಗಳಿಂದ. ಕೇಳುವವನನ್ನು ಗೌರವಿಸಿದ ಮತವಿದು. ಆದುದರಿಂದ ಈ ಪ್ರಶ್ನೆಯನ್ನೂ ಪರಿಭಾವಿಸಬೇಕಾಗಿದೆ. ಅದಕ್ಕೆ ದೂರ ಹೋಗಬೇಕಾಗಿಯೂ ಇಲ್ಲ.

ನೆಲಮಂಗಲ ತಾಲ್ಲೂಕಿನ ನೆಲವು ಜಿನಧರ್ಮಕ್ಕೆ ಹೊಸತಲ್ಲ. ಇಲ್ಲಿಯ ಮಣ್ಣೆಯೇ ಗಂಗರ ಮಾನ್ಯಪುರ. ಅಲ್ಲಿ ಗಂಗ ಮಾರಸಿಂಹನ ಸೇನಾಪತಿ ಶ್ರೀವಿಜಯನು ಜಿನಾಲಯವನ್ನು ಕಟ್ಟಿಸಿದುದನ್ನು ಕ್ರಿ.ಶ. 797ರ ತಾಮ್ರಶಾಸನ ತಿಳಿಸುತ್ತದೆ. ಅದೇ ತಾಲ್ಲೂಕಿನಲ್ಲಿ ಶಿವಗಂಗೆಯ ಬೆಟ್ಟವಿದೆ. ಇಂದು ಅದು ಗಂಗಾಧರೇಶ್ವರನ ಕ್ಷೇತ್ರವೆಂದು ಪ್ರಸಿದ್ಧ. ಆದರೆ ಜೈನರ ನೆನಪಿನಲ್ಲಿ ಆ ಹೆಸರು ಒಬ್ಬ ತಾಯಿಯ ದುಃಖದೊಡನೆಯೂ ಬೆಸೆದುಕೊಂಡಿದೆ.

ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲಾದೇವಿಯನ್ನು ಅರಿಯದ ಕನ್ನಡಿಗರಿಲ್ಲ. ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆಯಾದ ಆಕೆ 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ, ಶಾಂತಿನಾಥ ಸ್ವಾಮಿಯನ್ನು ಪ್ರತಿಷ್ಠಾಪಿಸಿ, ಮೊಟ್ಟೆನವಿಲೆ ಗ್ರಾಮವನ್ನು ದತ್ತಿಬಿಟ್ಟಳು. ತಂದೆ ಮಾರಸಿಂಗಯ್ಯ ಶಿವಭಕ್ತ; ತಾಯಿ ಮಾಚಿಕಬ್ಬೆ ಜಿನಭಕ್ತೆ. ಪ್ರತಿಷ್ಠೆಯಾಗಿ ಎಂಟು ವರ್ಷ ತುಂಬುವಷ್ಟರಲ್ಲಿ, 1131ರಲ್ಲಿ, ಶಾಂತಲೆ ಶಿವಗಂಗೆಯ ತೀರ್ಥದಲ್ಲಿ ದೇಹವನ್ನು ಬಿಟ್ಟಳು. ಆಕೆ ಬೆಟ್ಟದ ತುದಿಯಿಂದ ಬಿದ್ದಳೆಂದು ಜನರು ಕಥೆ ಹೇಳುತ್ತಾರೆ. ಶಾಸನದಲ್ಲಿ ಆ ಮಾತಿಲ್ಲ. ಶಿವಗಂಗೆಯಲ್ಲಿ ಸ್ವರ್ಗಸ್ಥಳಾದಳೆಂದಷ್ಟೇ ಅದು ಹೇಳುತ್ತದೆ.

ಪರಿಭಾವಿಸಿ ನೋಡಬೇಕು. ಶಾಂತಿನಾಥನ ಬಸದಿಯನ್ನು ಕಟ್ಟಿಸಿದವಳಿಗಿಂತ ಹೆಚ್ಚು ಯಾರು ಏನನ್ನು ಅರ್ಪಿಸಿದ್ದರು? ಆ ಮಗಳ ದೀರ್ಘಾಯುಷ್ಯವನ್ನು ಯಾವ ತಾಯಿ ತಾನೆ ಬಯಸದಿರುತ್ತಾಳೆ? ಆದರೂ ತಾಯಿ ಉಳಿದು ಮಗಳು ಹೋದಳು. ಭಕ್ತಿಯ ಅಳತೆಗೆ ತಕ್ಕಂತೆ ಆಯುಷ್ಯವು ದೊರೆಯುವುದಾದರೆ ಹೀಗೆ ಆಗಬಾರದಿತ್ತು. ಆದುದರಿಂದ ಭಕ್ತಿಗೂ ಆಯುಷ್ಯಕ್ಕೂ ಲೋಕವು ಕಲ್ಪಿಸಿಕೊಂಡಿರುವ ಲೆಕ್ಕವೇ ಸರಿಯಲ್ಲವೆಂದು ತಿಳಿಯಬೇಕು.

ಪ್ರಾರ್ಥನೆ ಯಾರನ್ನು ಕುರಿತದ್ದೆಂಬುದನ್ನು ಮೊದಲು ನೋಡಬೇಕು. ಜಿನನು ವೀತರಾಗ. ಒಲಿಯುವುದಕ್ಕೆ ಬೇಕಾದ ರಾಗವೂ ಮುನಿಯುವುದಕ್ಕೆ ಬೇಕಾದ ದ್ವೇಷವೂ ಆತನಲ್ಲಿ ಅಳಿದುಹೋಗಿವೆ. ಆತನು ಲೋಕವನ್ನು ಸೃಷ್ಟಿಸಿದವನೂ ಅಲ್ಲ, ಸುಖದುಃಖಗಳನ್ನು ಹಂಚುವವನೂ ಅಲ್ಲ. ಒಬ್ಬನ ಮಗುವನ್ನು ಉಳಿಸಿ ಮತ್ತೊಬ್ಬನ ಮಗುವನ್ನು ಕೈಬಿಡುವ ದೇವರಾಗಿದ್ದರೆ ಆತನು ವಂದನೆಗೆ ಅರ್ಹನೇ ಆಗುತ್ತಿರಲಿಲ್ಲ. ಸ್ವಯಂಭೂಸ್ತೋತ್ರದಲ್ಲಿ ಸಮಂತಭದ್ರಾಚಾರ್ಯರು ಈ ತತ್ತ್ವವನ್ನು ಸ್ಪಷ್ಟಪಡಿಸಿದ್ದಾರೆ: ಪೂಜೆಯಿಂದ ಜಿನನಿಗೆ ಆಗಬೇಕಾದುದೇನೂ ಇಲ್ಲ, ನಿಂದೆಯಿಂದ ಆಗುವ ನಷ್ಟವೂ ಇಲ್ಲ, ಆತನ ಗುಣಸ್ಮರಣೆಯು ಪೂಜಿಸುವವನ ಚಿತ್ತವನ್ನು ತೊಳೆಯುತ್ತದೆ, ಅಷ್ಟೆ. ಹೀಗಿರಲು ಬಿಂಬದ ಮೌನವು ನಿರ್ಲಕ್ಷ್ಯದ ಮೌನವಲ್ಲ. ಅದು ಪಕ್ಷಪಾತವಿಲ್ಲದ ಮೌನ.

‘ಹಾಗಾದರೆ ಯಕ್ಷಯಕ್ಷಿಯರು ಕೊಡಬಹುದಲ್ಲವೆ?’ ಎಂದು ಕೇಳುವವರುಂಟು. ಹೊಂಬುಜದ ಪದ್ಮಾವತಿ, ಸಿಂಹನಗದ್ದೆಯ ಜ್ವಾಲಾಮಾಲಿನಿ ಇವರ ಸನ್ನಿಧಿಗೆ ಹರಕೆ ಹೊತ್ತು ಹೋಗುವ ಕುಟುಂಬಗಳು ನಾಡಿನಲ್ಲೆಲ್ಲ ಇವೆ. ಶಾಸನದೇವತೆಗಳಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಅವರೂ ಸಂಸಾರದಲ್ಲಿರುವ ಜೀವರೇ, ಅವರಿಗೂ ಆಯುಃಕರ್ಮವುಂಟು ಎಂಬುದನ್ನು ಮರೆಯಬಾರದು. ತಮ್ಮ ಆಯುಷ್ಯವನ್ನೇ ಒಂದು ಕ್ಷಣ ಬೆಳೆಸಿಕೊಳ್ಳಲಾರದವರಲ್ಲಿ ಪರರ ಆಯುಷ್ಯವನ್ನು ಬೇಡುವುದು ಹೇಗೆ?

ಹೀಗೆಂದರೆ ಪ್ರಾರ್ಥನೆಯೇ ವ್ಯರ್ಥವೆಂದು ಯಾರಾದರೂ ತಿಳಿದಾರು. ಅದೂ ತಪ್ಪು. ಕರ್ಮವೆಂದರೆ ಒಮ್ಮೆ ಬರೆದು ಮುದ್ರೆಯೊತ್ತಿದ ಹಣೆಬರಹವಲ್ಲ. ಕಟ್ಟಿದ ಕರ್ಮವು ಕೆಲಕಾಲ ಸತ್ತೆಯಲ್ಲಿರುತ್ತದೆ, ಅನಂತರ ಉದಯಕ್ಕೆ ಬರುತ್ತದೆ. ಸತ್ತೆಯಲ್ಲಿರುವಾಗ ಪರಿಣಾಮಗಳ ವಿಶುದ್ಧಿಯಿಂದ ಅದರ ಸ್ಥಿತಿ ಅನುಭಾಗಗಳು ಕುಗ್ಗಬಹುದು. ಅದಕ್ಕೆ ಅಪಕರ್ಷಣವೆಂದು ಹೆಸರು. ಅಸಾತವು ಸಾತವಾಗಿ ಮಾರ್ಪಡಬಹುದು, ಅದು ಸಂಕ್ರಮಣ. ಆದರೆ ನಿಕಾಚಿತವೆಂಬ ಗಟ್ಟಿಕಟ್ಟಿನ ಕರ್ಮವನ್ನು ಉಂಡೇ ತೀರಿಸಬೇಕು. ಒಬ್ಬರ ಆಯುಃಕರ್ಮಕ್ಕೆ ಮತ್ತೊಬ್ಬರ ಪ್ರಾರ್ಥನೆ ಒಡೆಯನಾಗಲಾರದು.

ದೊಡ್ಡಬಳ್ಳಾಪುರದ ನೇಕಾರರ ಮಗ್ಗವನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಮಗ್ಗಕ್ಕೆ ಕೂರುವಾಗಲೇ ಹಾಸು ಸಿದ್ಧವಾಗಿರುತ್ತದೆ. ಅದರ ಉದ್ದ, ಎಳೆಗಳ ಎಣಿಕೆ, ಬಣ್ಣ ಎಲ್ಲವೂ ಮೊದಲೇ ನಿಶ್ಚಿತ. ಲಾಳಿಯಲ್ಲಿರುವ ಹೊಕ್ಕಿನ ನೂಲು ಮಾತ್ರ ಇಂದಿನ ಕೈಯದು. ಅದೇ ಹಾಸಿನ ಮೇಲೆ ಒಬ್ಬನು ಒರಟು ಬಟ್ಟೆಯನ್ನು ನೇಯಬಲ್ಲ, ಮತ್ತೊಬ್ಬನು ಅಂಚುಸೆರಗುಗಳ ಸೀರೆಯನ್ನು ನೇಯಬಲ್ಲ. ಹಾಸನ್ನು ಬದಲಿಸೆಂದು ಮಗ್ಗದ ಮುಂದೆ ಅತ್ತರೆ ನೇಯ್ಗೆ ಸಾಗುವುದಿಲ್ಲ. ಹೊಕ್ಕನ್ನು ಶುದ್ಧಮಾಡಿಕೊಳ್ಳುವುದೇ ಪ್ರಾರ್ಥನೆಯ ಕೆಲಸ.

ಈಡೇರದ ಬೇಡಿಕೆಗಳ ಸ್ವರೂಪವನ್ನೂ ನೋಡಬೇಕು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಆರ್ತಧ್ಯಾನವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ: ಬೇಡವಾದುದು ಬಂದಾಗ ತೊಲಗಲೆಂಬ ಚಿಂತೆ, ಬೇಕಾದುದು ಅಗಲಿದಾಗ ಮರಳಲೆಂಬ ಚಿಂತೆ, ವೇದನೆಯ ಚಿಂತೆ, ಮುಂದೆ ಭೋಗ ದೊರೆಯಲೆಂಬ ನಿದಾನ. ದೇವರ ಮುಂದೆ ನಿಂತು ಮಾಡುವ ಬೇಡಿಕೆಗಳಲ್ಲಿ ಈ ನಾಲ್ಕರ ಹೊರಗೆ ಎಷ್ಟು ಉಳಿದಾವು? ನಿದಾನವಂತೂ ವ್ರತಿಯ ಮೈಯಲ್ಲಿ ನೆಟ್ಟ ಶಲ್ಯವೆಂದು ಶಾಸ್ತ್ರ ಹೇಳುತ್ತದೆ. ಮುಳ್ಳನ್ನು ಕೀಳಲು ಬಂದ ಸ್ಥಳದಲ್ಲಿ ಮತ್ತೊಂದು ಮುಳ್ಳನ್ನು ಬೇಡಿದಂತೆ ಆಗುತ್ತದೆ ಇದು.

ಮೊದಲ ತೀರ್ಥಂಕರನ ಚರಿತ್ರೆಯೇ ಇದಕ್ಕೆ ಬೆಳಕು. ಆರು ತಿಂಗಳ ಯೋಗವನ್ನು ಮುಗಿಸಿ ಆದಿನಾಥ ಸ್ವಾಮಿಯು ಆಹಾರಕ್ಕೆ ಹೊರಟಾಗ, ಮುನಿಗಳಿಗೆ ಆಹಾರವೀಯುವ ವಿಧಿಯನ್ನರಿಯದ ಜನರು ರತ್ನಗಳನ್ನೂ ಆನೆಕುದುರೆಗಳನ್ನೂ ಕನ್ಯೆಯರನ್ನೂ ತಂದೊಪ್ಪಿಸಿದರು. ಮತ್ತೆ ಆರು ತಿಂಗಳಿಗೂ ಮಿಕ್ಕಿ ಆತನಿಗೆ ತುತ್ತು ದೊರೆಯಲಿಲ್ಲ. ಆತನು ಬೇಡಲಿಲ್ಲ, ಯಾರನ್ನೂ ದೂರಲಿಲ್ಲ. ಕಡೆಗೆ ಹಸ್ತಿನಾಪುರದಲ್ಲಿ ಪೂರ್ವಜನ್ಮಸ್ಮರಣೆಯಾದ ಶ್ರೇಯಾಂಸನು ಕಬ್ಬಿನ ಹಾಲನ್ನು ನೀಡಿದ. ಆ ದಿನವೇ ಅಕ್ಷಯ ತದಿಗೆ. ತೀರ್ಥಂಕರನಿಗೇ ಅಂತರಾಯವು ತಪ್ಪಲಿಲ್ಲವೆಂದ ಮೇಲೆ ಸಾಮಾನ್ಯ ಶ್ರಾವಕನು ತನ್ನ ತಡೆಯನ್ನು ದೇವರ ಕೋಪವೆಂದು ಭಾವಿಸಬೇಕಾಗಿಲ್ಲ.

ಬೇಡಿದುದು ದೊರೆಯದಿದ್ದುದೇ ಹಿತವಾದ ಪ್ರಸಂಗವೂ ಉಂಟು. ಭಸ್ಮಕ ರೋಗದಿಂದ ಬೆಂದುಹೋದ ಸಮಂತಭದ್ರರು ಸಲ್ಲೇಖನಕ್ಕೆ ಅಪ್ಪಣೆ ಬೇಡಿದರೆಂದೂ, ಅವರಿಂದ ಧರ್ಮಪ್ರಭಾವನೆ ಆಗಬೇಕಾಗಿದೆಯೆಂದು ಗುರುಗಳು ನಿರಾಕರಿಸಿದರೆಂದೂ ದೇವಚಂದ್ರನ ರಾಜಾವಳೀಕಥೆ ಹೇಳುತ್ತದೆ. ಆ ಬೇಡಿಕೆ ಈಡೇರಿದ್ದರೆ ಮುಂದೆ ರೋಗವು ಶಮನವಾದುದನ್ನೂ ಸ್ವಯಂಭೂಸ್ತೋತ್ರ ಹೊಮ್ಮಿದುದನ್ನೂ ಆ ಕಥೆ ಹೇಳುವಂತಿರಲಿಲ್ಲ. ಆದರೆ ಪ್ರತಿಯೊಂದು ದುಃಖದ ಹಿಂದೆಯೂ ಹೀಗೊಂದು ಹಿತವನ್ನು ಬೆರಳಿಟ್ಟು ತೋರಿಸಲು ಸಾಧ್ಯವಿಲ್ಲ. ಮಗುವನ್ನು ಕಳೆದುಕೊಂಡ ಮನೆಗೆ ಹೋಗಿ ‘ಆದದ್ದೆಲ್ಲ ಒಳ್ಳೆಯದಕ್ಕೇ’ ಎನ್ನುವವನು ಧರ್ಮವನ್ನು ನುಡಿಯುತ್ತಿಲ್ಲ.

ಇಲ್ಲಿ ಸಮಾಜವು ಎಚ್ಚರದಿಂದಿರಬೇಕಾದ ಮಾತೊಂದಿದೆ. ನೊಂದವರನ್ನು ಕಾಣಲು ಹೋದವರು ಕೆಲವೊಮ್ಮೆ ‘ಪೂಜೆಯಲ್ಲಿ ಏನೋ ಲೋಪವಾಗಿರಬೇಕು’ ಎನ್ನುತ್ತಾರೆ. ‘ನಿಮ್ಮ ಕರ್ಮ’ ಎಂದುಬಿಡುತ್ತಾರೆ. ಮೊದಲನೆಯ ಮಾತು ವೀತರಾಗನನ್ನು ಲಂಚಕ್ಕೆ ಕಾಯುವ ಅಧಿಕಾರಿಯನ್ನಾಗಿ ಮಾಡುತ್ತದೆ. ಎರಡನೆಯದು ಸಿದ್ಧಾಂತದ ನುಡಿಯಾದರೂ, ಆ ಕ್ಷಣದಲ್ಲಿ ಕಲ್ಲಿನಂತೆ ತಾಗುತ್ತದೆ. ಕರ್ಮಸಿದ್ಧಾಂತವು ತನ್ನ ಮುಖವನ್ನು ತಾನು ನೋಡಿಕೊಳ್ಳಲು ಇರುವ ಕನ್ನಡಿ. ಇತರರ ಮೇಲೆ ಎಸೆಯಲು ಇರುವುದಲ್ಲ. ಸಮ್ಯಗ್ದೃಷ್ಟಿಯ ಲಕ್ಷಣಗಳಾಗಿ ಆಚಾರ್ಯರು ಪ್ರಶಮ, ಸಂವೇಗ, ಅನುಕಂಪೆ, ಆಸ್ತಿಕ್ಯಗಳನ್ನು ಹೇಳಿದ್ದಾರೆ. ತನ್ನ ಕಷ್ಟದಲ್ಲಿ ಆಸ್ತಿಕ್ಯವೂ ಪರರ ಕಷ್ಟದಲ್ಲಿ ಅನುಕಂಪೆಯೂ ಮುಂದಾಗಿರಬೇಕು. ಜೀವಿಗಳು ಪರಸ್ಪರ ಉಪಕಾರಕ್ಕಾಗಿ ಇರುವರೆಂಬುದೂ ಉಮಾಸ್ವಾಮಿಗಳ ಉಪದೇಶವೇ. ಜ್ವರದ ಮಗುವಿಗೆ ಔಷಧವನ್ನೂ, ದುಃಖದ ಮನೆಗೆ ಅನ್ನವನ್ನೂ, ಅಳುವವರ ಬಳಿ ಮೌನವಾಗಿ ಕೂರುವ ವ್ಯವಧಾನವನ್ನೂ ವೀತರಾಗನು ತರುವುದಿಲ್ಲ; ಶ್ರಾವಕನು ತರಬೇಕು. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನವನ್ನು ವಿಧಿಸಿರುವುದರ ಅರ್ಥ ಇದೇ.

ಈಗ ಮಾಚಿಕಬ್ಬೆಯ ಬಳಿಗೆ ಮರಳಬಹುದು. ಮಗಳು ಹೋದಮೇಲೆ ತಾನು ಉಳಿಯಲಾರೆನೆಂದು ಆಕೆ ನುಡಿದುದನ್ನು ಬೆಳಗೊಳದ ಶಾಸನವು ಮರೆಮಾಚುವುದಿಲ್ಲ. ದುಃಖವನ್ನು ದುಃಖವೆಂದೇ ಅದು ದಾಖಲಿಸಿದೆ. ಅನಂತರ ಆಕೆ ಬೆಳಗೊಳಕ್ಕೆ ಬಂದು, ಪ್ರಭಾಚಂದ್ರ, ವರ್ಧಮಾನ, ರವಿಚಂದ್ರ ದೇವರುಗಳ ಸನ್ನಿಧಿಯಲ್ಲಿ ಸನ್ಯಸನವನ್ನು ಕೈಕೊಂಡಳು. ಅರೆಮುಚ್ಚಿದ ಕಣ್ಣು, ಪಂಚಪದಗಳ ಉಚ್ಚಾರಣೆ, ಜಿನೇಂದ್ರನ ಧ್ಯಾನ, ಬಂಧುಗಳನ್ನು ಬೀಳ್ಕೊಂಡ ಗಾಂಭೀರ್ಯ. ಹೀಗೆ ಒಂದು ತಿಂಗಳ ಉಪವಾಸ. ಸಲ್ಲೇಖನಕ್ಕೆ ಐದು ಅತಿಚಾರಗಳುಂಟೆಂಬುದನ್ನು ಇಲ್ಲಿ ನೆನೆಯಬೇಕು: ಬದುಕಿನ ಆಸೆ, ಸಾವಿನ ಆಸೆ, ಮಿತ್ರಾನುರಾಗ, ಸುಖದ ಸ್ಮರಣೆ, ನಿದಾನ. ಸಾವನ್ನು ಬಯಸುವುದೂ ದೋಷವೇ. ದುಃಖದಿಂದ ಓಡಿಹೋಗುವ ದಾರಿ ಅದಲ್ಲ. ‘ಉಳಿಯಲಾರೆ’ ಎಂದು ಬಂದವಳು ಆ ಮಾತನ್ನೂ ಬಿಡಬೇಕಾಯಿತು.

ಆಕೆ ನುಡಿದ ಆ ಪಂಚಪದಗಳಲ್ಲಿ ಏನಿದೆ? ಅರ್ಹಂತರಿಗೆ, ಸಿದ್ಧರಿಗೆ, ಆಚಾರ್ಯರಿಗೆ, ಉಪಾಧ್ಯಾಯರಿಗೆ, ಸಾಧುಗಳಿಗೆ ನಮಸ್ಕಾರ. ಇಷ್ಟೇ. ಅದರಲ್ಲಿ ಒಂದೂ ಬೇಡಿಕೆಯಿಲ್ಲ. ತೊಟ್ಟಿಲ ಮಗುವಿಗೆ ಮೊದಲು ಕಲಿಸುವ, ಸಾಯುವವರ ಕಿವಿಯಲ್ಲಿ ಕಡೆಗೆ ನುಡಿಯುವ ಆ ಮಹಾಮಂತ್ರದಲ್ಲಿ ‘ಕೊಡು’ ಎಂಬ ಮಾತೇ ಇಲ್ಲ! ಏನನ್ನೂ ಬೇಡದ ಆ ಮಂತ್ರಕ್ಕೆ ಉತ್ತರ ಬರಲಿಲ್ಲವೆಂದು ಹೇಳುವುದು ಸಾಧ್ಯವೇ ಇಲ್ಲ. ನಮಸ್ಕರಿಸಿದ ಕ್ಷಣದಲ್ಲಿಯೇ ತಲೆ ಬಾಗಿದೆ, ಮಾನವು ಕರಗಿದೆ, ಕಷಾಯವು ಒಂದಿಷ್ಟು ತಗ್ಗಿದೆ. ಅದೇ ಅದರ ಫಲ.

ಶರೀರಕ್ಕೆ ಪ್ರತೀಕಾರವಿಲ್ಲದ ಅವಸ್ಥೆಯೊದಗಿದಾಗ ಗುರುಸಾಕ್ಷಿಯಾಗಿ ನಡೆಯುವ ವ್ರತವು ಎಲ್ಲ ನೊಂದವರಿಗೂ ಮಾದರಿಯಲ್ಲ. ದುಃಖವನ್ನುಂಡ ಗೃಹಸ್ಥರಿಗೆ ಕನ್ನಡನಾಡು ಅತ್ತಿಮಬ್ಬೆಯನ್ನು ಕೊಟ್ಟಿದೆ. ಗಂಡ ನಾಗದೇವ ಯುದ್ಧದಲ್ಲಿ ಮಡಿದಾಗ, ಸವತಿಯೂ ತಂಗಿಯೂ ಆದ ಗುಂಡಮಬ್ಬೆ ಚಿತೆಯನ್ನೇರಿದಳು. ಅತ್ತಿಮಬ್ಬೆ ಬದುಕಿ ಉಳಿದಳು. ಮಗ ಅಣ್ಣಿಗದೇವನನ್ನು ಬೆಳೆಸಿದಳು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದಳು. ಲಕ್ಕುಂಡಿಯಲ್ಲಿ ಜಿನಾಲಯವನ್ನು ಎತ್ತಿಸಿದಳು. ಗಂಡನು ಮರಳಿ ಬರಲಿಲ್ಲ. ಆದರೆ ಉಳಿದ ಆಯುಷ್ಯವು ದಾನವಾಗಿ ಹರಿದು ನಾಡಿಗೆ ‘ದಾನಚಿಂತಾಮಣಿ’ ದೊರೆತಳು. ಹಾಸು ಅದೇ ಇದ್ದಿತು; ಹೊಕ್ಕನ್ನು ಆಕೆ ಆರಿಸಿಕೊಂಡಳು.

ಧರ್ಮಬಂಧುಗಳೆ, ಈ ನೂತನ ಬಸದಿಗೆ ಬೇಡಿಕೆಯನ್ನು ಹೊತ್ತು ಬರುವವರನ್ನು ಯಾರೂ ತಡೆಯದಿರಲಿ. ಅಳು ಬಂದವರು ಇಲ್ಲಿ ಅಳಲಿ. ಬರುವಾಗ ‘ನನ್ನ ದುಃಖವನ್ನು ತೆಗೆ’ ಎಂದು ಬಂದವರು, ಹಿಂದಿರುಗುವಾಗ ‘ದುಃಖದಲ್ಲಿಯೂ ನಾನು ಕೆಡದಿರಲಿ’ ಎಂಬ ಭಾವವನ್ನು ಹೊತ್ತು ಹೋದರೆ ಈ ಪ್ರತಿಷ್ಠೆ ಸಾರ್ಥಕ. ಮೆಟ್ಟಿಲಿಳಿಯುವಾಗ ಪಕ್ಕದಲ್ಲಿ ಅಳುತ್ತ ನಿಂತವರ ಕೈಯನ್ನು ಹಿಡಿದುಕೊಂಡರೆ, ಒಳಗಿನ ಬಿಂಬವು ಮೌನವಾಗಿ ಹೇಳಿದುದನ್ನು ಕೇಳಿಸಿಕೊಂಡಂತೆಯೇ.

ಸರ್ವರಿಗೂ ಮಂಗಳವಾಗಲಿ. ಜೈ ಜಿನೇಂದ್ರ.