ಶಕ್ತಿ, ಸಾಮರ್ಥ್ಯ, ಪುನರ್ನವ: ಕೆಲವು ಶಬ್ದಗಳ ಅರ್ಥವಿಚಾರ

(ಶ್ರೀಮಠದ ಮಹೋತ್ಸವ ಪ್ರಸಂಗದಲ್ಲಿ ಮಾಡಿದ ಭಾಷಣ)

 

ಈ ವೇದಿಕೆಯ ಮೇಲೆ ಮೂರು ದಿವಸಗಳಿಂದ ಪಂಡಿತರು ಶಾಸ್ತ್ರವನ್ನೂ ಅನುಭಾವವನ್ನೂ ಕುರಿತು ಮಾತಾಡಿರುವರು. ನಾನಾದರೋ ಯಂತ್ರವಿದ್ಯೆಯನ್ನು ಕಲಿಸಿ ಹೊಟ್ಟೆ ಹೊರೆದುಕೊಂಡವನು. ಇಂಥವನಿಗೆ ಇಲ್ಲೇನು ಕೆಲಸವೆಂದು ಸಂಕೋಚಪಟ್ಟು ನಿಂತಾಗ ಶ್ರೀಗಳವರು, “ಬಿಸಿಲಿನ ವಿದ್ಯುತ್ತು, ಗಾಳಿಯಂತ್ರ ಎಂಬ ಮಾತುಗಳು ಈಗ ನಮ್ಮ ಭಕ್ತರ ಹೊಲದ ಬದುವಿನವರೆಗೂ ಬಂದಿರುವವು. ಆ ಕಾಗದಗಳಲ್ಲಿಯ ಶಬ್ದಗಳ ಅರ್ಥವನ್ನಾದರೂ ನಾಲ್ಕು ಜನಕ್ಕೆ ತಿಳಿಯುವಂತೆ ಹೇಳಿರಿ” ಎಂದು ಅಪ್ಪಣೆ ಕೊಡಿಸಿದರು. ಉನ್ನತವಾದ ವಿಚಾರವನ್ನು ಒಕ್ಕಲಿಗನ, ನೇಕಾರನ, ಅಂಬಿಗನ ಮಾತಿನಲ್ಲಿಯೇ ಹೇಳಿದವರ ಪರಂಪರೆ ನಮ್ಮದಾಗಿರಲು, ಈ ಅಪ್ಪಣೆಯನ್ನು ಮೀರುವ ಬಗೆ ನನಗೆ ತೋಚಲಿಲ್ಲ.

ಮೊದಲಿಗೆ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳುವೆನು. ಕೆಲವು ವರ್ಷಗಳ ಹಿಂದೆ ನಮ್ಮ ಅಣ್ಣನವರು ತಮ್ಮ ತೋಟದ ಮನೆಯ ಮಾಳಿಗೆಯ ಮೇಲೆ ಸೌರ ಹಲಗೆಗಳನ್ನು ಹಾಕಿಸಬೇಕೆಂದು ಮನಸ್ಸು ಮಾಡಿದರು. ಮನೆಗೆ ಮಿಕ್ಕ ವಿದ್ಯುತ್ತನ್ನು ಸರಬರಾಯಿ ಕಂಪನಿಗೆ ಮಾರಿ ಸಾಲದ ಕಂತನ್ನು ತುಂಬುವದೆಂದು ಅವರ ಲೆಕ್ಕ. ಕರಾರುಪತ್ರವನ್ನು ಎದುರಿಗಿಟ್ಟುಕೊಂಡು ನನಗೆ ಫೋನು ಮಾಡಿ, “ತಮ್ಮಾ, ಐದು ಕಿಲೋವಾಟ್ ಅಂತ ಬರದಾರ. ತಾಸಿಗೆ ಐದು ಯೂನಿಟ್ ಅಂದಂಗಾತಲ್ಲ?” ಎಂದು ಕೇಳಿದರು. ನಾನು ತರಗತಿಗೆ ಹೊರಟಿದ್ದೆ. “ಹೌದಣ್ಣಾ” ಎಂದೆ. ಅವರು ಹಗಲಿಗೆ ಹನ್ನೆರಡು ತಾಸು ಹಿಡಿದು ದಿನಕ್ಕೆ ಅರವತ್ತು ಯೂನಿಟ್ಟೆಂದು ಗುಣಿಸಿ ಸಾಲ ತೆಗೆದರು. ಬಂದದ್ದು ದಿನಕ್ಕೆ ಸುಮಾರು ಇಪ್ಪತ್ತು; ಮಳೆಗಾಲದಲ್ಲಿ ಅದಕ್ಕೂ ಕಡಿಮೆ. ಎರಡನೆಯ ವರ್ಷ ಕಂತು ತುಂಬಲಿಕ್ಕೆ ಎತ್ತಿನ ಜೋಡಿಯನ್ನು ಮಾರಿದರು. ಕರಾರಿನಲ್ಲಿ ಸುಳ್ಳೇನೂ ಇದ್ದಿಲ್ಲ. “ಸ್ಥಾಪಿತ ಸಾಮರ್ಥ್ಯ ೫ ಕಿಲೋವಾಟು” ಎಂದೇ ಬರೆದಿತ್ತು. ನನ್ನ ಉತ್ತರವೂ ಸುಳ್ಳಲ್ಲ. ಆದರೆ ಸಾಮರ್ಥ್ಯವೆಂಬ ಶಬ್ದದ ಅರ್ಥವನ್ನು ಬಲ್ಲವನು ಹೇಳಲಿಲ್ಲ, ಅರಿಯದವನು ಕೇಳಲಿಲ್ಲ. ಎತ್ತುಗಳು ಹೋದವು.

ಆದಕಾರಣ ಬಲ, ಶಕ್ತಿ, ಸಾಮರ್ಥ್ಯ ಎಂಬ ಈ ಮೂರು ಶಬ್ದಗಳನ್ನು ಮೊದಲು ಬೇರ್ಪಡಿಸಬೇಕು. ಮಾತಿನಲ್ಲಿ ನಾವು ಒಂದರ ಬದಲು ಇನ್ನೊಂದನ್ನು ಬಳಸುವೆವು, ಅದರಿಂದ ಕೇಡಿಲ್ಲ. ಯಂತ್ರಶಾಸ್ತ್ರದಲ್ಲಿ ಮಾತ್ರ ಅವು ಮೂರೂ ಬೇರೆ ಬೇರೆ. ಕೆಸರಿನಲ್ಲಿ ಹೂತ ಬಂಡಿಯನ್ನು ಎತ್ತುಗಳು ಜಗ್ಗುವವು. ಬಂಡಿ ಕದಲದಿದ್ದರೆ, ಎತ್ತುಗಳು ಎಷ್ಟೇ ದಣಿಯಲಿ, ಬಂಡಿಯ ಮೇಲೆ ಕೆಲಸ ನಡೆಯಿತೆಂದು ಶಾಸ್ತ್ರವು ಹೇಳುವದಿಲ್ಲ. ಅಲ್ಲಿದ್ದುದು ಬಲ ಮಾತ್ರ. ಬಂಡಿ ಮುಂದಕ್ಕೆ ಹೋಯಿತೆಂದರೆ ಕೆಲಸವಾಯಿತು. ಕೆಲಸ ಮಾಡಬಲ್ಲ ಯಾವ ಸಂಚಯವುಂಟೋ ಅದು ಶಕ್ತಿ. ಆ ಕೆಲಸವು ಎಷ್ಟು ತ್ವರೆಯಿಂದ ನಡೆಯುವದೆಂಬುದರ ಅಳತೆಯು ಸಾಮರ್ಥ್ಯ.

ಇದನ್ನು ದಾಸೋಹದ ಅಡಿಗೆಮನೆಯಲ್ಲಿ ನೋಡೋಣ. ಅಲ್ಲಿ ತಾಸಿಗೆ ಅರವತ್ತು ರೊಟ್ಟಿ ಬಡಿಯಬಲ್ಲ ತಾಯಿಯೊಬ್ಬರು ಇರುವರೆಂದು ತಿಳಿಯಿರಿ. ತಾಸಿಗೆ ಅರವತ್ತೆಂಬುದು ಅವರ ಸಾಮರ್ಥ್ಯ. ಬುಟ್ಟಿಯಲ್ಲಿ ಬಿದ್ದ ರೊಟ್ಟಿಯ ಎಣಿಕೆ ಬೇರೆ. ಹಸಿದವನು ಉಣ್ಣುವದು ಬುಟ್ಟಿಯಲ್ಲಿಯ ರೊಟ್ಟಿಯನ್ನು, ಆ ತಾಯಿಯ ಸಾಮರ್ಥ್ಯವನ್ನಲ್ಲ. ಕಿಲೋವಾಟು ಎಂಬುದು ರೊಟ್ಟಿ ಬಡಿಯುವ ವೇಗ. ಯೂನಿಟ್ಟು ಎಂಬುದು ಬುಟ್ಟಿಯಲ್ಲಿಯ ರೊಟ್ಟಿ. ಒಂದು ಕಿಲೋವಾಟಿನ ಯಂತ್ರವು ಒಂದು ತಾಸು ಪೂರ್ಣವಾಗಿ ನಡೆದರೆ ಒಂದು ಯೂನಿಟ್ಟು. ೨೦೨೩ರಲ್ಲಿ ಗೃಹಜ್ಯೋತಿ ಯೋಜನೆ ಆರಂಭವಾದಂದಿನಿಂದ ಇನ್ನೂರು ಯೂನಿಟ್ಟಿನ ಲೆಕ್ಕವನ್ನು ನಮ್ಮ ತಾಯಂದಿರು ನನಗಿಂತ ಚೆನ್ನಾಗಿ ಬಲ್ಲರು. ಇನ್ನು ಕಿಲೋವಾಟನ್ನು ಅದರ ಪಕ್ಕದಲ್ಲಿ ಕೂಡಿಸಿಕೊಂಡರೆ ಸಾಕು.

ನಮ್ಮ ಭಾಷೆಯಲ್ಲಿ ಗೊಂದಲಕ್ಕೆ ಇನ್ನೊಂದು ಕಾರಣವುಂಟು. ಪಂಪಿನ ಮೇಲೆ ಹತ್ತು ಅಶ್ವಶಕ್ತಿ ಎಂದು ಬರೆದಿರುವದು. ಹೆಸರಿನಲ್ಲಿ ಶಕ್ತಿ ಇದ್ದರೂ ಅದು ಶಕ್ತಿಯ ಅಳತೆಯಲ್ಲ, ಸಾಮರ್ಥ್ಯದ ಅಳತೆ. ಜೇಮ್ಸ್ ವಾಟ್ ಎಂಬಾತನು ತನ್ನ ಉಗಿಯಂತ್ರವನ್ನು ಕೊಳ್ಳುವವರಿಗೆ, ಇದು ಇಷ್ಟು ಕುದುರೆಗಳ ಕೆಲಸವನ್ನು ಮಾಡುವದೆಂದು ತಿಳಿಸಲು ಬಳಕೆಗೆ ತಂದ ಮಾನ ಇದು. ವ್ಯಾಪಾರಕ್ಕಾಗಿ ಹುಟ್ಟಿದ ಅಳತೆ ಶಾಸ್ತ್ರದಲ್ಲಿಯೂ ಉಳಿಯಿತು. ಒಂದು ಅಶ್ವಶಕ್ತಿಯೆಂದರೆ ೭೪೬ ವಾಟು. ಆದ್ದರಿಂದ ಹತ್ತು ಅಶ್ವಶಕ್ತಿಯ ಪಂಪು ಪೂರ್ಣ ಭಾರದಲ್ಲಿ ಒಂದು ತಾಸು ನಡೆದರೆ ಏಳೂವರೆ ಯೂನಿಟ್ಟಿಗೆ ಕಡಿಮೆಯಿಲ್ಲದೆ ಎಳೆಯುವದು. ಅಶ್ವಸಾಮರ್ಥ್ಯವೆಂದು ಈಗ ಹೆಸರು ಬದಲಿಸಹೋದರೆ ಯಾರೂ ಒಪ್ಪಲಾರರು, ನಾನೂ ಒಪ್ಪುವದಿಲ್ಲ. ರೂಢಿ ರೂಢಿಯೇ. ಅದರೊಳಗಿನ ಅರ್ಥವನ್ನು ಅರಿತಿದ್ದರೆ ಆಯಿತು.

ಇನ್ನು ನಮ್ಮ ಅಣ್ಣನವರನ್ನು ಕೆಡಿಸಿದ ಸ್ಥಾಪಿತ ಸಾಮರ್ಥ್ಯದ ಮಾತು. ರೊಟ್ಟಿ ಬಡಿಯುವ ತಾಯಿಗೆ ತಾಸಿಗೆ ಅರವತ್ತರ ಸಾಮರ್ಥ್ಯವಿದ್ದ ಮಾತ್ರಕ್ಕೆ ಅಹೋರಾತ್ರಿಗೆ ೧,೪೪೦ ರೊಟ್ಟಿ ಆಗುವದಿಲ್ಲ. ಅವರಿಗೂ ನಿದ್ರೆಯುಂಟು, ಪೂಜೆಯುಂಟು, ಹಿಟ್ಟು ತೀರುವ ಹೊತ್ತುಂಟು. ಸೌರ ಹಲಗೆಯೂ ಹಾಗೆಯೇ. ಅದರ ಮೇಲೆ ಬರೆದ ಸಂಖ್ಯೆಯು ಸುಡುಬಿಸಿಲು ನೆಟ್ಟಗೆ ಬಿದ್ದಾಗಿನದು. ಬೆಳಗಿನ ಎಳೆಬಿಸಿಲಿಗೆ, ಸಂಜೆಯ ಓರೆಬಿಸಿಲಿಗೆ, ಮೋಡಕ್ಕೆ, ಹಲಗೆಯ ಮೇಲೆ ಕೂತ ಧೂಳಿಗೆ ಅದು ಇಳಿಯುವದು. ಹಲಗೆ ಬಹಳ ಕಾದರೂ ಫಲ ತುಸು ಕಡಿಮೆಯಾಗುವದು. ಬೇಸಿಗೆಯಲ್ಲಿ ಬಿಸಿಲು ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚೆಂದು ನಂಬಿದವರು ಇದನ್ನು ಕೇಳಿ ಆಶ್ಚರ್ಯಪಡುವರು. ಒಟ್ಟಿನಲ್ಲಿ ನಮ್ಮ ನಾಡಿನಲ್ಲಿ ಒಂದು ಕಿಲೋವಾಟಿನ ಹಲಗೆಗೆ ದಿನಕ್ಕೆ ನಾಲ್ಕು ಯೂನಿಟ್ಟೆಂದು ಹಿಡಿಯುವದು ಜಾಣತನ. ಇಪ್ಪತ್ತನಾಲ್ಕು ಆಗಬಹುದಾದಲ್ಲಿ ನಾಲ್ಕು, ಅಂದರೆ ಆರನೆಯ ಒಂದು ಪಾಲು. ಈ ಪಾಲಿಗೆ ಇಂಗ್ಲಿಷಿನಲ್ಲಿ ಕೆಪಾಸಿಟಿ ಫ್ಯಾಕ್ಟರ್ ಎನ್ನುವರು. ನಾನು ನನ್ನ ವಿದ್ಯಾರ್ಥಿಗಳಿಗೆ ಫಲಾಂಶವೆಂದು ಹೇಳಿಕೊಡುತ್ತಿದ್ದೆನು. ಕರಾರಿನಲ್ಲಿ ಸಾಮರ್ಥ್ಯವಿದ್ದು ಫಲಾಂಶವಿಲ್ಲದಿದ್ದರೆ, ವರ್ಷಕ್ಕೆ ಎಷ್ಟು ಯೂನಿಟ್ಟು ಎಂದು ಕೇಳಿ ಬರೆಯಿಸಿಕೊಳ್ಳತಕ್ಕದ್ದು.

ನಾಡಿನ ಲೆಕ್ಕಕ್ಕೂ ಇದೇ ಮಾತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ೨೦೧೮ರಲ್ಲಿ ಆರಂಭವಾಗಿ ೨೦೧೯ರಲ್ಲಿ ಪೂರ್ಣಗೊಂಡ ಸೌರ ಉದ್ಯಾನದ ಸಾಮರ್ಥ್ಯ ೨,೦೫೦ ಮೆಗಾವಾಟು. ರಾಯಚೂರಿನ ಕಲ್ಲಿದ್ದಲ ಸ್ಥಾವರದ್ದು ೧,೭೨೦. ಸಂಖ್ಯೆಯನ್ನು ನೋಡಿದರೆ ಪಾವಗಡವೇ ದೊಡ್ಡದು. ಆದರೆ ರಾಯಚೂರಿನ ಒಲೆಗಳು ಹಗಲಿರುಳು ಉರಿದರೆ ಅಲ್ಲಿ ಹುಟ್ಟುವ ಯೂನಿಟ್ಟುಗಳು ಪಾವಗಡಕ್ಕಿಂತ ಬಹಳ ಹೆಚ್ಚು. ಅದರ ಜತೆಗೆ ಪ್ರತಿ ಯೂನಿಟ್ಟಿಗೆ ಸುಮಾರು ಒಂದು ಕಿಲೋಗ್ರಾಮಿನಷ್ಟು ಇಂಗಾಲದ ಡೈಆಕ್ಸೈಡೂ, ಬೂದಿಯ ಗುಡ್ಡಗಳೂ ಹುಟ್ಟುವವೆಂಬುದನ್ನು ಮರೆಯಕೂಡದು.

ಈಗ ಪುನರ್ನವವೆಂಬ ಶಬ್ದಕ್ಕೆ ಬರೋಣ. ಸರಕಾರದ ಕಾಗದಗಳಲ್ಲಿ ನವೀಕರಿಸಬಹುದಾದ ಇಂಧನವೆಂದು ಉದ್ದವಾಗಿ ಬರೆಯುವರು. ನನಗೆ ಪುನರ್ನವವೆಂಬುದೇ ಹಿತ. ಬೇಸಿಗೆಯಲ್ಲಿ ಒಣಗಿ ಮಳೆ ಬಿದ್ದೊಡನೆ ಚಿಗುರುವ ಆ ಹೆಸರಿನ ಮೂಲಿಕೆಯನ್ನು ನಮ್ಮ ವೈದ್ಯರೆಲ್ಲ ಬಲ್ಲರು. ಬಳಸಿದಷ್ಟನ್ನು ಪ್ರಕೃತಿಯು ನಮ್ಮ ಆಯುಷ್ಯದೊಳಗೆ ಮರಳಿ ತುಂಬಿಕೊಟ್ಟರೆ ಅದು ಪುನರ್ನವ. ಬಿಸಿಲು, ಗಾಳಿ, ಹರಿಯುವ ನೀರು ಇಂಥವು. ಕಲ್ಲಿದ್ದಲು ಭೂಗರ್ಭದಲ್ಲಿ ಕೋಟಿಗಟ್ಟಲೆ ವರ್ಷಗಳಲ್ಲಿ ಆದದ್ದು. ಹಗೇವಿನ ಕಾಳಿನಂತೆ, ತೆಗೆದಷ್ಟೂ ತೀರುವದು. ಸೌದೆಯು ನಡುವಿನದು. ಗಿಡ ಬೆಳೆಯುವದಕ್ಕಿಂತ ನಿಧಾನವಾಗಿ ಕಡಿದರೆ ಪುನರ್ನವ, ಬೇಗ ಕಡಿದರೆ ಅಲ್ಲ. ಇನ್ನು ಕೈಗಾದ ಅಣುಸ್ಥಾವರದಲ್ಲಿ ಹೊಗೆಯಿಲ್ಲ, ಆದರೂ ಯುರೇನಿಯಮ್ಮು ಅಗೆದು ತೆಗೆಯುವ ವಸ್ತುವಾದ್ದರಿಂದ ಅದು ಪುನರ್ನವವಲ್ಲ. ಹಾಗೆಯೇ ಪುನರ್ನವವಾದದ್ದೆಲ್ಲ ನಿರ್ಮಲವೂ ಅಲ್ಲ: ಸೌದೆಯ ಒಲೆಯ ಮುಂದೆ ಕಣ್ಣು ಕೆಡಿಸಿಕೊಂಡ ತಾಯಂದಿರಿಗೆ ಇದನ್ನು ನಾನು ಹೇಳಬೇಕಾದ್ದಿಲ್ಲ. ಆ ಹೊಗೆಯನ್ನು ಕಂಡೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ಅಸ್ತ್ರ ಕೇಂದ್ರದವರು ಅಸ್ತ್ರ ಒಲೆಯನ್ನು ರೂಪಿಸಿದರು. ಮೂರು ಕಲ್ಲಿನ ಒಲೆಯಲ್ಲಿ ಬೆಂಕಿಯ ಹತ್ತು ಪಾಲಿನಲ್ಲಿ ಒಂದು ಪಾಲಷ್ಟೇ ಗಡಿಗೆಗೆ ತಾಕುವದು, ಉಳಿದದ್ದು ಗಾಳಿಗೆ. ಗಡಿಗೆಗೆ ತಾಕುವ ಪಾಲಿಗೆ ದಕ್ಷತೆಯೆಂದು ಹೆಸರು. ಜನಕ್ಕೆ ಬೇಕಾದದ್ದು ಶಕ್ತಿಯಲ್ಲ, ಬೆಂದ ಅನ್ನ, ಬೆಳಕು, ಕುಡಿಯುವ ನೀರು ಎಂಬ ವಿಚಾರವನ್ನು ರೆಡ್ಡಿಯವರು ಬಾಳೆಲ್ಲ ಪ್ರತಿಪಾದಿಸಿದರು. ಕುಣಿಗಲ್ಲು ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರ ದನಗಳ ಸಗಣಿಯಿಂದ ಅನಿಲ ಮಾಡಿ, ಅದರಿಂದ ದೀಪ ಉರಿಸಿ ನೀರೆತ್ತಿ ಈ ಮಾತನ್ನು ಮಾಡಿ ತೋರಿಸಿದರು.

ಪುನರ್ನವವೆಂಬ ಹೆಸರು ಹೊಸದಾದರೂ ವಸ್ತು ನಮಗೆ ಹಳೆಯದು. ೧೯೦೨ರಲ್ಲಿಯೇ ಶಿವನಸಮುದ್ರದ ನೀರಿನಿಂದ ಹುಟ್ಟಿದ ವಿದ್ಯುತ್ತು ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದಿತು. ಅದರ ನೀರಿನಿಂದ ನಡೆಯುವ ಶರಾವತಿ ಸ್ಥಾವರದ ಸಾಮರ್ಥ್ಯ ೧,೦೩೫ ಮೆಗಾವಾಟು. ಆದರೂ ಸರಕಾರದ ಲೆಕ್ಕದಲ್ಲಿ ೨೫ ಮೆಗಾವಾಟಿಗಿಂತ ದೊಡ್ಡದಾದ ಜಲವಿದ್ಯುತ್ತು ಬಹುಕಾಲ ಪುನರ್ನವವೆನಿಸಿರಲಿಲ್ಲ. ೨೦೧೯ರ ಮಾರ್ಚಿನಲ್ಲಿ ಕೇಂದ್ರ ಸರಕಾರವು ಅದನ್ನೂ ಆ ಹೆಸರಿನಲ್ಲಿ ಸೇರಿಸಿತು. ಹೊಳೆ ಮೊದಲಿನಂತೆಯೇ ಹರಿಯಿತು, ಬದಲಾದದ್ದು ಕಾಗದದ ಮೇಲಿನ ಶಬ್ದ. ಅಂಥ ಶಬ್ದದ ಹಿಂದೆ ಸಾಲದ ಅನುಕೂಲತೆ, ಕೊಳ್ಳುವವರ ಕಡ್ಡಾಯ ಎಲ್ಲವೂ ಇರುವವು. ಅತ್ತ ಶರಾವತಿಯ ದಂಡೆಯಲ್ಲಿ ಮನೆಮಾರು ಕಳೆದುಕೊಂಡವರಿಗೆ ಪುನರ್ವಸತಿ ಎಂಬ ಸಂಸ್ಕೃತ ಶಬ್ದ ಸಿಕ್ಕಿತು. ಅವರು ತಾವಾಗಿ ಇಟ್ಟುಕೊಂಡ ಶಬ್ದ ಮುಳುಗಡೆ. ಯಾವುದು ನಿಜವನ್ನು ಹೆಚ್ಚು ಹೇಳುವದೆಂಬುದನ್ನು ನೀವೇ ತೂಗಿ ನೋಡಬೇಕು.

ಬಂಜರು ಎಂಬುದೂ ಅಂಥದೇ. ಪಾವಗಡದ ಉದ್ಯಾನವು ಸುಮಾರು ೧೩,೦೦೦ ಎಕರೆಯಲ್ಲಿ ಹರಡಿರುವದು. ಅಲ್ಲಿ ಭೂಮಿಯನ್ನು ಕೊಂಡುಕೊಳ್ಳದೆ, ಒಕ್ಕಲಿಗರ ಒಡೆತನವನ್ನು ಉಳಿಸಿ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಂತೆ ಆರಂಭಿಸಿ ಗುತ್ತಿಗೆಗೆ ಹಿಡಿದರು. ಮೇಲಿಂದ ಮೇಲೆ ಬರಗಾಲ ಕಂಡ ಆ ಸೀಮೆಯಲ್ಲಿ ಇದು ಹೊಲವುಳ್ಳವರಿಗೆ ಆಸರೆಯಾಯಿತೆಂಬುದನ್ನು ಅಲ್ಲಗಳೆಯಲಾರೆನು. ಆದರೆ ಗುತ್ತಿಗೆಯ ಹಣ ಪಹಣಿಯಲ್ಲಿ ಹೆಸರುಳ್ಳವನಿಗೆ ಮಾತ್ರ. ಆ ಹೊಲದಲ್ಲಿ ಕೂಲಿ ಮಾಡಿದವನ ಹೆಸರು, ಕುರಿ ಮೇಯಿಸಿದವನ ಹೆಸರು ಪಹಣಿಯಲ್ಲಿ ಇರುವದಿಲ್ಲ. ಕುರುಬನು ಹುಲ್ಲುಗಾವಲೆನ್ನುವ ನೆಲವನ್ನು ದಫ್ತರವು ಬಂಜರು ಎಂದು ಬರೆದರೆ, ಅದು ಬರಿದಾಗಿತ್ತೆಂದೇ ದೂರದವರು ತಿಳಿಯುವರು. ನಿಮ್ಮಲ್ಲಿಗೆ ಕಾಗದ ಬಂದಾಗ, ಅದು ಖರೀದಿಯೋ, ನಮ್ಮ ಕಡೆಯ ಲಾವಣಿಯಂಥ ಗುತ್ತಿಗೆಯೋ, ಸರಕಾರದ ಭೂಸ್ವಾಧೀನವೋ ಎಂಬುದನ್ನು ಮೊದಲು ನೋಡಿರಿ. ಗುತ್ತಿಗೆಯಾದರೆ ಎಷ್ಟು ವರ್ಷ, ಬಾಡಿಗೆ ಎಂದು ಎಷ್ಟು ಏರುವದು, ಅವಧಿ ಮುಗಿದ ಮೇಲೆ ನೆಲದೊಳಗಿನ ಕಾಂಕ್ರೀಟನ್ನು ಯಾರು ಕೀಳುವರು ಎಂಬ ಮೂರನ್ನು ಕೇಳದೆ ರುಜು ಮಾಡಕೂಡದು.

ಹಸಿರುಮನೆ ಅನಿಲವೆಂಬ ಮಾತಿನಲ್ಲಿಯೂ ಮೋಸ ಹೋಗುವವರುಂಟು. ಹಸಿರೆಂದರೆ ಒಳಿತೆಂದು ನಮಗೆ ರೂಢಿ, ಒಬ್ಬ ಹಿರಿಯರು ನನ್ನನ್ನು, “ಹಸಿರು ಅನಿಲ ಹೆಚ್ಚಾದರೆ ಒಳ್ಳೆಯದಲ್ಲವೇ?” ಎಂದು ಕೇಳಿದರು. ಹಸಿರುಮನೆಯೆಂದರೆ ಚಳಿದೇಶದಲ್ಲಿ ಗಿಡಗಳನ್ನು ಬೆಚ್ಚಗಿಡಲು ಕಟ್ಟುವ ಗಾಜಿನ ಮನೆ. ಇಂಗಾಲದ ಡೈಆಕ್ಸೈಡು ಮೊದಲಾದ ಅನಿಲಗಳು ಬಿಸಿಲನ್ನು ಒಳಗೆ ಬಿಟ್ಟು, ನೆಲದ ಕಾವು ಹೊರಗೆ ಹೋಗದಂತೆ ತಡೆಯುವವಾದ್ದರಿಂದ ಆ ಹೆಸರು. ಅವು ಸ್ವತಃ ವಿಷವಲ್ಲ. ಆ ಕಂಬಳಿ ಇಲ್ಲದಿದ್ದರೆ ಭೂಮಿ ಈಗಿಗಿಂತ ಸುಮಾರು ೩೩ ಡಿಗ್ರಿ ತಣ್ಣಗಾಗಿ ಹೆಪ್ಪುಗಟ್ಟುತ್ತಿತ್ತು. ಕಂಬಳಿ ದಪ್ಪವಾಗುತ್ತಿರುವದೇ ಕೇಡು: ಯಂತ್ರಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು ೨೮೦ ಪಾಲಿದ್ದ ಇಂಗಾಲದ ಡೈಆಕ್ಸೈಡು ಈಗ ೪೨೦ನ್ನು ಮೀರಿರುವದು.

ಹೊತ್ತಾಯಿತು, ಪ್ರಸಾದದ ಗಂಟೆಯೂ ಸಮೀಪಿಸಿರುವದು. ನಾಳೆ ಬೆಳಿಗ್ಗೆ ಪೂಜೆ ಮುಗಿದ ಮೇಲೆ ನಾನು ಮಠದ ಪಡಸಾಲೆಯಲ್ಲಿ ಕೂತಿರುವೆನು. ಸೌರ ಹಲಗೆಯ, ಗಾಳಿಯಂತ್ರದ, ಹೊಲದ ಗುತ್ತಿಗೆಯ ಕಾಗದವುಳ್ಳವರು ರುಜು ಮಾಡುವ ಮೊದಲು ಅವನ್ನು ತರಬೇಕು. ಓದಿ ಹೇಳುವೆನು, ಈ ಸಲ ಅವಸರ ಮಾಡುವದಿಲ್ಲ. ನಮ್ಮ ಅಣ್ಣನವರೂ ಬರುವರು. ಐದು ಕಿಲೋವಾಟಿನಿಂದ ತಿಂಗಳು ತಿಂಗಳಿಗೆ ನಿಜವಾಗಿ ಎಷ್ಟು ಯೂನಿಟ್ಟು ಬಂದಿತೆಂಬುದನ್ನು ಅವರು ಹಳೆಯ ಕೀರ್ದಿ ಪುಸ್ತಕದಲ್ಲಿ ಬರೆದಿಟ್ಟಿರುವರು. ಅದನ್ನೂ ತರಲು ಹೇಳಿರುವೆನು.